ಕಂಬದಿಂದ ಹದಿನೇಳು ಹೆಜ್ಜೆ

ಬೆಂಗಳೂರಿನಲ್ಲಿ ಲಾರಿ ಓಡಿಸುವುದಕ್ಕೆ ಹುಟ್ಟಿದವರು ಬೇಕಾದಷ್ಟು ಜನ ಇದ್ದಾರೆ. ಲಾರಿ ನಿಲ್ಲಿಸುವುದಕ್ಕೆಂದೇ ಹುಟ್ಟಿದವರನ್ನು ಮಾತ್ರ ನಾನು ಒಬ್ಬರನ್ನೇ ಕಂಡಿದ್ದೇನೆ. ಅವರು ನಮ್ಮ ಎದುರು ಮನೆಯವರು. ಅವರ ಹೆಸರು ಬೀದಿಯಲ್ಲಿ ಯಾರಿಗೂ ಬೇಕಿರಲಿಲ್ಲ. ಹಾಲಿನವನಿಂದ ಹಿಡಿದು ಅವರ ಮನೆಯ ಬಾಡಿಗೆದಾರರವರೆಗೆ ಎಲ್ಲರಿಗೂ ಅವರು ‘ಯಜಮಾನ್ರು’. ನನ್ನ ಅಪ್ಪನಿಗೆ ಮಾತ್ರ ‘ಆ ಮನುಷ್ಯ’.

ತೊಂಬತ್ತರ ದಶಕದ ನಡುವಿನಲ್ಲಿ ನಾವು ಬಿಟಿಎಂ ಲೇಔಟಿನಲ್ಲಿ ಮನೆ ಕಟ್ಟಿಸಿಕೊಂಡು ಬಂದಾಗ ನಾನು ಪಿಯುಸಿ ಓದುತ್ತಿದ್ದೆ. ಗೃಹಪ್ರವೇಶದ ಹೂವಿನ ಹಾರ ಬಾಡುವ ಮೊದಲೇ ನಮ್ಮ ಗೇಟಿನ ಅರ್ಧಕ್ಕೆ ಅಡ್ಡವಾಗಿ ನೀರಿನ ಟ್ಯಾಂಕರ್ ಲಾರಿಯೊಂದು ನಿಂತಿತ್ತು. ಯಾರೋ ನಮ್ಮ ನೆಲದ ಸಂಪಿನೊಳಗೆ ನೀರು ಬಿಡಲು ಬಂದಿದ್ದಾರೆಂದು ಅಮ್ಮ ಕಾಫಿ ಬೆರೆಸಿಟ್ಟಳು. ಲಾರಿ ಹೋಗಲಿಲ್ಲ. ಮಾರನೆಯ ಬೆಳಗ್ಗೆ ಅದು ಹೊರಟಾಗ ಅಪ್ಪ ನಿಟ್ಟುಸಿರುಬಿಟ್ಟರು. ಆ ಉಸಿರು ಪೂರ್ತಿ ಹೊರಗೆ ಬರುವಷ್ಟರಲ್ಲಿ ಅದೇ ಜಾಗಕ್ಕೆ ಇನ್ನೊಂದು ಟ್ಯಾಂಕರ್ ಬಂದು ನಿಂತಿತು. ಯಜಮಾನರ ಬಳಿ ಎರಡು ಲಾರಿಗಳಿದ್ದವು. ಒಂದು ಊರಿಗೆ ನೀರು ಮಾರಲು ಹೋದರೆ ಇನ್ನೊಂದು ನಮ್ಮ ಗೇಟು ಕಾಯುತ್ತಿತ್ತು. ಕಾರ್ಖಾನೆಯಲ್ಲೂ ಪಾಳಿ ಇಷ್ಟು ಚೊಕ್ಕವಾಗಿ ಬದಲಾಗುವುದಿಲ್ಲ.

ನಿಲ್ಲಿಸುವ ವಿಧಾನವನ್ನು ನೋಡಬೇಕಿತ್ತು. ಯಜಮಾನರು ಪಟ್ಟೆ ಚಡ್ಡಿ ಕಾಣುವಂತೆ ಪಂಚೆ ಎತ್ತಿಕಟ್ಟಿ, ಮೂಲೆಯ ವಿದ್ಯುತ್ ಕಂಬಕ್ಕೆ ಬೆನ್ನು ಕೊಟ್ಟು ನಿಂತು, ಒಂದು, ಎರಡು ಎಂದು ಹೆಜ್ಜೆ ಎಣಿಸುತ್ತಾ ಬರುತ್ತಿದ್ದರು. ಹದಿನೇಳಕ್ಕೆ ನಿಲ್ಲುತ್ತಿದ್ದರು. ಆಮೇಲೆ ಡ್ರೈವರಿಗೆ ಕೈ ಬೀಸಿ, “ಬರ್ಲಿ, ಬರ್ಲಿ, ರೈಟ್‌ಗೆ ತಿರುಗ್ಲಿ, ಒಂಚೂರು ಬರ್ಲಿ, ಮಡಗು” ಎನ್ನುತ್ತಿದ್ದರು. ಇಡೀ ಬೀದಿ ಖಾಲಿ ಬಿದ್ದಿದ್ದರೂ ಲಾರಿ ಒಂದು ಗೇಣು ಆಚೆ ಈಚೆ ನಿಲ್ಲುವಂತಿಲ್ಲ. ಮೊದಲ ವಾರವೇ ಅಪ್ಪ ಹೋಗಿ ಕೇಳಿದರು.

“ಯಜಮಾನ್ರೇ, ನಿಮ್ಮ ಮನೆ ಮುಂದೇನೇ ಜಾಗ ಇದೆಯಲ್ಲ, ಅಲ್ಲಿ ನಿಲ್ಲಿಸಬಾರದಾ?”

“ಅಲ್ಲಿ ಬ್ಯಾಡ ಸಾಮಿ.”

“ಯಾಕೆ?”

“ಇಲ್ಲಿ ಬೇಕು.”

ಅಪ್ಪ ತಿಲಕ್ ನಗರದಲ್ಲಿ ಟೈಪಿಂಗ್ ಇನ್‌ಸ್ಟಿಟ್ಯೂಟ್ ನಡೆಸುತ್ತಿದ್ದರು. ಕಂಪ್ಯೂಟರ್ ಬಂದು ಹುಡುಗರು ಟೈಪಿಂಗ್ ಕಲಿಯುವುದನ್ನು ಬಿಡುತ್ತಿದ್ದ ಕಾಲ. ಆರು ಯಂತ್ರಗಳು ಬಟ್ಟೆ ಹೊದ್ದು ಮಲಗಿದ್ದವು. ಇಂಥ ಹೊತ್ತಿನಲ್ಲಿ ಅಪ್ಪನಿಗೆ ಈ ಲಾರಿ ಸಿಕ್ಕಿತು. ಅವರು ಅರ್ಜಿ ಹೊಡೆಯತೊಡಗಿದರು. ಪಾಲಿಕೆಗೆ ಒಂದು, ಪೊಲೀಸಿಗೆ ಒಂದು, ತಮಗೊಂದು, ಕಾರ್ಬನ್ ಇಟ್ಟು ಮೂರು ಪ್ರತಿ. ಲಾರಿ ಅಲ್ಲಿರಬಾರದೆಂಬುದಕ್ಕೆ ಹನ್ನೊಂದು ಕಾರಣಗಳನ್ನು ಒಂದರ ಕೆಳಗೊಂದು ಜೋಡಿಸಿದ್ದರು. ಅಂಚು ಎಷ್ಟು ನೇರವಾಗಿತ್ತೆಂದರೆ ಅದನ್ನು ಓದಿದ ಅಧಿಕಾರಿಗೆ ಲಾರಿಗಿಂತ ಹೆಚ್ಚಾಗಿ ಅಪ್ಪನ ಮೇಲೆಯೇ ಕುತೂಹಲ ಹುಟ್ಟಿರಬೇಕು.

ಕೊನೆಗೂ ಒಬ್ಬರು ತನಿಖೆಗೆ ಬಂದರು. ಯಜಮಾನರು ಅವರನ್ನು ಲಾರಿಯ ನೆರಳಿನಲ್ಲೇ ಕುರ್ಚಿ ಹಾಕಿ ಕೂರಿಸಿ ಎಳನೀರು ಕೊಟ್ಟರು. ಅರ್ಧ ಗಂಟೆಯ ನಂತರ ಆ ಅಧಿಕಾರಿ ಬಾಯೊರೆಸಿಕೊಳ್ಳುತ್ತಾ ಅಪ್ಪನ ಬಳಿ ಬಂದು, “ಇದೆಲ್ಲಾ ಅವರದೇ ಜಮೀನಂತಲ್ಲ ಸಾರ್” ಎಂದರು.

“ಆಗ ಜಮೀನು. ಈಗ ರಸ್ತೆ” ಎಂದರು ಅಪ್ಪ.

ಯಜಮಾನರು ಲಾರಿಯ ಪಕ್ಕದಿಂದಲೇ ಹೇಳಿದರು: “ರಸ್ತೆ ಮ್ಯಾಲೆ ಬಂದಿದ್ದು ಸಾಮಿ. ಕೆಳಗಡೆ ಜಮೀನೇ ಐತೆ.”

ಅದು ನಿಜವೇ. ಆ ಬೀದಿಯ ನಲವತ್ತು ಮನೆಗಳೂ ಅವರ ಮತ್ತು ಅವರ ದಾಯಾದಿಗಳ ರಾಗಿ ಹೊಲದ ಮೇಲೆ ನಿಂತಿದ್ದವು. ಬಡಾವಣೆಗೆಂದು ಸರ್ಕಾರ ಹೊಲ ತೆಗೆದುಕೊಂಡ ಮೇಲೆ ಯಜಮಾನರಿಗೆ ಉಳಿದದ್ದು ಒಂದು ನಿವೇಶನ. ಅದರ ಮೇಲೆ ಒಂದಂಗುಲ ಬಿಡದೆ ಮೂರಂತಸ್ತು ಎಬ್ಬಿಸಿ, ಹುಬ್ಬಳ್ಳಿ ಗುಲ್ಬರ್ಗಾ ಕಡೆಯಿಂದ ಕೆಲಸಕ್ಕೆ ಬಂದ ಹುಡುಗರಿಗೆ ಕೋಣೆಗಳನ್ನು ಬಾಡಿಗೆಗೆ ಕೊಟ್ಟಿದ್ದರು. ಲಾರಿಗಳಿಗೆ ನೀರು ಎಲ್ಲೋ ಬನ್ನೇರುಘಟ್ಟ ರಸ್ತೆಯಾಚೆ ನೆಂಟರ ಬೋರ್‌ವೆಲ್ಲಿನಿಂದ ಬರುತ್ತಿತ್ತು.

ಅಕ್ಕನನ್ನು ನೋಡಲು ಗಂಡಿನ ಕಡೆಯವರು ಬಂದ ದಿನದ ಕಥೆ ನಮ್ಮ ನೆಂಟರಲ್ಲೆಲ್ಲಾ ಪ್ರಸಿದ್ಧ. ಒಂದು ಲಾರಿ ಹೊರಟು ಇನ್ನೊಂದು ಮಡಿವಾಳದ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದಿತ್ತು. ಆ ಹತ್ತು ನಿಮಿಷದ ಸಂದಿಯಲ್ಲಿ ಅವರ ಕಾರು ಬಂದು ಸರಿಯಾಗಿ ಆ ಜಾಗದಲ್ಲೇ ನಿಂತಿತು. ನಾವು ಉಪ್ಪಿಟ್ಟು ಬಡಿಸುತ್ತಿದ್ದಾಗ ಯಜಮಾನರು ಒಳಗೆ ಬಂದು, ಗಂಡಿನ ತಂದೆಯ ಪಕ್ಕದ ಕುರ್ಚಿಯಲ್ಲಿ ಕೂತರು. ಅಮ್ಮ ಗಾಬರಿಯಲ್ಲಿ ಅವರಿಗೂ ಒಂದು ತಟ್ಟೆ ಕೊಟ್ಟಳು. ಅವರು ತಿಂದರು. ಕೈ ತೊಳೆದುಕೊಂಡು ಬಂದು ಗಂಡಿನ ತಂದೆಯನ್ನು ಕೇಳಿದರು: “ನೀವು ಎಷ್ಟೊತ್ತಿಗೆ ಹೊರಡ್ತೀರಾ?”

ಗಂಡಿನ ತಾಯಿ ಅಮ್ಮನ ಕಿವಿಯ ಬಳಿ ಬಾಗಿ, “ಅವರು ನಿಮಗೆ ಏನಾಗಬೇಕು?” ಎಂದರು.

ಅಮ್ಮ ಹೇಳಿದಳು: “ಅವರು ಲಾರಿ ಕಡೆಯವರು.”

ಆ ಸಂಬಂಧ ಕೂಡಿಬರಲಿಲ್ಲ. ಅರ್ಜಿಯಲ್ಲಿ ಹನ್ನೆರಡನೆಯ ಕಾರಣ ಸೇರಿತು.

ಬೀದಿಯ ಸಂಘವೂ ಲಾರಿಯ ವಿರುದ್ಧ ಠರಾವು ಮಾಡಿತು. ಅದು ಏಪ್ರಿಲ್ ತಿಂಗಳು. ಠರಾವಿಗೆ ಸಹಿ ಹಾಕಿದ ಮೂರನೇ ದಿನ ನಲ್ಲಿಗಳು ಒಣಗಿದವು. ಕಾರ್ಯದರ್ಶಿಯೇ ಮೊದಲು ಹೋಗಿ ಯಜಮಾನರ ಬಾಗಿಲು ತಟ್ಟಿದರು. ಠರಾವಿನ ವಿಷಯ ಗೊತ್ತಿದ್ದೂ ಯಜಮಾನರು ಯಾರಿಗೂ ಇಲ್ಲವೆನ್ನಲಿಲ್ಲ. ಅಪ್ಪ ಮಾತ್ರ, “ಆ ಮನುಷ್ಯನ ನೀರು ಈ ಮನೆಗೆ ಬೇಡ” ಎಂದು ಎರಡು ದಿನ ಸ್ನಾನ ಮಾಡದೆ ಇನ್‌ಸ್ಟಿಟ್ಯೂಟಿಗೆ ಹೋದರು. ಮೂರನೆಯ ದಿನ ಅಪ್ಪ ಇಲ್ಲದಾಗ ಅಮ್ಮ ಸಂಪು ತುಂಬಿಸಿಕೊಂಡಳು. ಸಂಜೆ ಮನಸಾರೆ ಸ್ನಾನ ಮಾಡಿ ಬಂದ ಅಪ್ಪ, “ನೋಡು, ತಾಳ್ಮೆಯಿಂದ ಕಾದರೆ ನಲ್ಲಿಯಲ್ಲೂ ನೀರು ಬರತ್ತೆ” ಎಂದರು.

ನಗುವಂಥ ಕಥೆಗಳು ಇಲ್ಲಿಗೆ ಮುಗಿದವು. ಒಂದು ಮಧ್ಯಾಹ್ನ ಆಟೋದವನೊಬ್ಬ ಲಾರಿಯ ಹಿಂದಿನ ಚಕ್ರದ ಬಳಿ ಮೂತ್ರಕ್ಕೆ ನಿಂತ. ಊರಲ್ಲಿ ದಿನಾ ನಡೆಯುವುದೇ. ಯಜಮಾನರು ಮನೆಯಿಂದ ಓಡಿಬಂದು ಅವನ ಕೊರಳಪಟ್ಟಿ ಹಿಡಿದು ಚಪ್ಪಲಿಯಲ್ಲಿ ಹೊಡೆದರು. ಅವನ ತುಟಿ ಒಡೆದು ರಕ್ತ ಬಂದರೂ ಬಿಡಲಿಲ್ಲ. ಬಾಡಿಗೆಯ ಹುಡುಗರು ಬಂದು ಬಿಡಿಸಬೇಕಾಯಿತು. ಆಮೇಲೆ ಅವರೊಬ್ಬರೇ ಐದಾರು ಬಿಂದಿಗೆ ನೀರು ತಂದು ಆ ಜಾಗ ತೊಳೆದರು. ಲಾರಿಗೆ ಮಣ್ಣು ಮೆತ್ತಿತ್ತು, ಅದರ ಮೇಲೆ ಒಂದು ಹನಿಯನ್ನೂ ಹಾಕಲಿಲ್ಲ. ಬಗ್ಗಿ, ಲಾರಿಯ ಕೆಳಗಿನ ಡಾಂಬರನ್ನು ಕೈಯಿಂದ ಉಜ್ಜಿ ತೊಳೆದರು. ನಾನು ಮಹಡಿಯಿಂದ ನೋಡುತ್ತಿದ್ದೆ. ನನಗೆ ಹೆದರಿಕೆಯಾಯಿತು. ಇವರಿಗೆ ತಲೆ ಸರಿಯಿಲ್ಲವೆಂದು ಬೀದಿ ತೀರ್ಮಾನಿಸಿತು. ಮಕ್ಕಳು ಆ ಕಡೆ ಆಡುವುದನ್ನು ಬಿಟ್ಟವು.

ಅದಾಗಿ ಒಂದು ವರ್ಷಕ್ಕೆ ನಮ್ಮ ಬೀದಿಗೆ ಒಳಚರಂಡಿ ಹಾಕಲು ಗುತ್ತಿಗೆದಾರರು ಬಂದರು. ರಸ್ತೆಯುದ್ದಕ್ಕೂ ಸುಣ್ಣದ ಗೆರೆ ಎಳೆದರು. ಗೆರೆ ಲಾರಿಯ ಕೆಳಗೆ ನೇರ ಹಾದುಹೋಗಿತ್ತು. ಯಜಮಾನರು ಲಾರಿ ತೆಗೆಯಲಿಲ್ಲ. ಯಾರಿಗೋ ಅಪ್ಪನ ಅರ್ಜಿಗಳ ನೆನಪಾಯಿತು. ಇಷ್ಟು ವರ್ಷ ಕಡತದಲ್ಲಿ ಮಲಗಿದ್ದ ಹನ್ನೆರಡು ಕಾರಣಗಳು ಒಂದೇ ದಿನಕ್ಕೆ ಎದ್ದು ಕೂತವು. ಒಂದು ಟ್ಯಾಂಕರ್ ಗ್ಯಾರೇಜಿನಲ್ಲಿತ್ತು. ಇನ್ನೊಂದನ್ನು ಬೆಳಗ್ಗೆ ಪೊಲೀಸರ ಕ್ರೇನ್ ಬಂದು ಎಳೆದುಕೊಂಡು ಹೋಯಿತು. ಅಪ್ಪ ಇನ್‌ಸ್ಟಿಟ್ಯೂಟಿಗೆ ರಜೆ ಹಾಕಿ ಗೇಟಿನಲ್ಲಿ ನಿಂತು ನೋಡಿದರು.

ಯಜಮಾನರು ಒಳಗೆ ಹೋಗಿ ಒಂದು ಪ್ಲಾಸ್ಟಿಕ್ ಕುರ್ಚಿ ತಂದು, ಲಾರಿ ನಿಂತಿದ್ದ ಜಾಗದಲ್ಲಿ, ಸುಣ್ಣದ ಗೆರೆಯ ಮೇಲೆ ಹಾಕಿಕೊಂಡು ಕೂತರು. ಮಣ್ಣು ಅಗೆಯುವ ಯಂತ್ರ ಅವರೆದುರು ಗುರ್ರೆನ್ನುತ್ತಾ ನಿಂತಿತು. ಕೂಲಿಯವರು ನಕ್ಕರು. ಇಂಜಿನಿಯರು ಕೂಗಾಡಿದರು. ಮಹಡಿಗಳ ಮೇಲೆ ಜನ ಸೇರಿದರು. ಗೆದ್ದವರಿಗೆ ಬರುವ ಔದಾರ್ಯ ಅಪ್ಪನಿಗೂ ಬಂದಿತು. ಸಮಾಧಾನ ಹೇಳಲೆಂದು ಹೋದರು. ನಾನೂ ಹಿಂದೆ ಹೋದೆ.

“ಏಳಿ ಯಜಮಾನ್ರೇ. ವಯಸ್ಸಾದವರು, ಪೊಲೀಸರು ಕೈ ಹಿಡಿದು ಎಬ್ಬಿಸಿದರೆ ಚೆನ್ನಾಗಿರತ್ತಾ? ಎಲ್ಲರಿಗೂ ಅನುಕೂಲ ಆಗೋ ಕೆಲಸ.”

ಅವರು ತಲೆ ಎತ್ತಲಿಲ್ಲ. “ಸಾಮಿ, ಇಲ್ಲಿ ನನ್ ಮಗಳವ್ಳೆ” ಎಂದರು.

ಅಪ್ಪನಿಗೆ ಅರ್ಥವಾಗಲಿಲ್ಲ. ಯಜಮಾನರು ಮೆಲ್ಲಗೆ, ನಮ್ಮಿಬ್ಬರಿಗಷ್ಟೇ ಕೇಳುವಂತೆ ಹೇಳಿದರು. ಆರು ವರ್ಷದ ಮಗು. ಜ್ವರ ಬಂದು ಮೂರೇ ದಿನಕ್ಕೆ ಹೋಯಿತು. ಆಗ ಇದು ಹೊಲ. ಮನೆಯವರನ್ನೆಲ್ಲಾ ಹೊಲದ ಬದಿಯಲ್ಲೇ ಮಣ್ಣು ಮಾಡುತ್ತಿದ್ದರು. ಬಡಾವಣೆಗೆ ಸರ್ವೆ ಮಾಡಲು ಬಂದವರು ಹಿರಿಯರ ಸಮಾಧಿ ಕಲ್ಲುಗಳನ್ನು ಲೆಕ್ಕ ಹಾಕಿಕೊಂಡು, ಬೇರೆಡೆಗೆ ಸಾಗಿಸಲು ಸಮಯ ಕೊಟ್ಟರು. ಚಿಕ್ಕ ಮಕ್ಕಳಿಗೆ ಕಲ್ಲು ನೆಡುವ ಪದ್ಧತಿ ಅವರಲ್ಲಿರಲಿಲ್ಲ. ಕಲ್ಲಿಲ್ಲದ್ದನ್ನು ಸರ್ವೆಯವರು ಬರೆದುಕೊಳ್ಳಲಿಲ್ಲ. ಬಾವಿಯ ಕಟ್ಟೆಯಿಂದ ಹದಿನೇಳು ಹೆಜ್ಜೆ ಎಂಬುದು ಗಂಡ ಹೆಂಡತಿ ಇಬ್ಬರಿಗೆ ಮಾತ್ರ ಗೊತ್ತಿತ್ತು. ಬಾವಿ ಮುಚ್ಚಿ ಅಲ್ಲಿ ವಿದ್ಯುತ್ ಕಂಬ ನೆಟ್ಟರು.

“ಮಗೀನ್ ಎದೆ ಮ್ಯಾಲೆ ಬಸ್ಸು ಕಾರು ಓಡಾಡ್ತವಲ್ಲ ಅಂತ ಲಾರಿ ತಗಂಡೆ. ಚಕ್ರ ನಾಕೂ ಆಚೆ ಬರಂಗೆ ಮಡಗ್ತಿದ್ದೆ.”

ಅಪ್ಪ ಕೇಳಿದರು. “ಒಂದು ಮಾತು ಹೇಳಬಾರದಿತ್ತಾ? ಇಷ್ಟು ವರ್ಷ?”

“ಏನಂತ ಹೇಳ್ಳಿ? ಮಸಾಣದ ಮ್ಯಾಲೆ ಮನೆ ಕಟ್ಟವ್ರೆ ಅಂತ ಗುಲ್ಲಾಗಿ ನಿಮ್ಮ ಮನೆಗೆ ಬೆಲೆ ಇಲ್ದಂಗಾಗದು. ಇಲ್ಲ, ನೀವೆಲ್ಲಾ ಸೇರಿ ಹೋಮ ಮಾಡ್ಸಿ ಅವಳ್ನ ಓಡುಸ್ತಿದ್ರಿ.”

ಗೊತ್ತಾಗಿದ್ದರೆ ನಾವು ಮಾಡುತ್ತಿದ್ದದ್ದು ಅದನ್ನೇ. ಶವಯಾತ್ರೆ ಬೀದಿಯಲ್ಲಿ ಹೋದರೆ ಬಾಗಿಲಿಗೆ ನೀರು ಹಾಕುತ್ತಿದ್ದ ಮನೆ ನಮ್ಮದು.

ಅಪ್ಪ ಇಂಜಿನಿಯರ ಬಳಿ ಹೋದರು. “ಇಲ್ಲಿಂದ ಇಲ್ಲಿಗೆ ಎರಡು ಮಾರು ಜಾಗ ಮೆಷಿನ್ ಹಾಕಬೇಡಿ. ಅವರೇ ಕೈಯಲ್ಲಿ ಅಗೀತಾರೆ. ಎರಡು ಗಂಟೆ ಕೊಡಿ.”

“ಯಾಕ್ ಸಾರ್? ಗಾಡಿ ಎತ್ತಿಸಿ ಅಂತ ಬರೆದವರೇ ನೀವು.”

“ಬರೆದೋನೇ ಹೇಳ್ತಿದ್ದೀನಿ. ಕಾರಣ ಕೇಳಬೇಡಿ. ಆಗಲ್ಲ ಅಂದ್ರೆ ನಿಮ್ಮ ಮೇಲೂ ಬರೀತೀನಿ. ಮೂರು ಕಾಪಿ.”

ಇಂಜಿನಿಯರು ಅಪ್ಪನ ಮುಖ ನೋಡಿ ಯಂತ್ರವನ್ನು ಬೀದಿಯ ಆ ತುದಿಗೆ ಕಳಿಸಿದರು.

ಯಜಮಾನರು ಹಾರೆಯಿಂದ ಡಾಂಬರು ಕಿತ್ತರು. ಅಪ್ಪ ಜನ್ಮದಲ್ಲಿ ಮೊದಲ ಸಲ ಸನಿಕೆ ಹಿಡಿದರು. ಟೈಪ್ ಹೊಡೆದು ಮೆತ್ತಗಾಗಿದ್ದ ಬೆರಳುಗಳಲ್ಲಿ ಹತ್ತು ನಿಮಿಷಕ್ಕೆ ಬೊಬ್ಬೆ ಬಂದವು. ಜಲ್ಲಿ ಮುಗಿಯಿತು. ಗಟ್ಟಿ ಕೆಂಪು ಮಣ್ಣು ಬಂತು. ಸೊಂಟದ ಆಳಕ್ಕೆ ಮಣ್ಣು ಸಡಿಲವಾಗಿ, ಬಣ್ಣ ಸ್ವಲ್ಪ ಕಪ್ಪಾಯಿತು. “ಇದೇಯ” ಎಂದು ಯಜಮಾನರು ಹಾರೆ ಬಿಟ್ಟು ಕೈಯಲ್ಲೇ ಕೆದಕತೊಡಗಿದರು. ಏನೂ ಇರಲಿಲ್ಲ. ಒಂದು ಎಲುಬಿಲ್ಲ, ಬಟ್ಟೆಯ ಚೂರಿಲ್ಲ. ಅಷ್ಟು ಚಿಕ್ಕ ಮಗುವನ್ನು ಭೂಮಿ ಪೂರ್ತಿ ತೆಗೆದುಕೊಂಡಿತ್ತು. ಅವರು ಗುಂಡಿಯೊಳಗೆ ಕೂತು ಆ ಕಪ್ಪು ಮಣ್ಣನ್ನೇ ಹಿಡಿಹಿಡಿಯಾಗಿ ಒಂದು ಮಂಕರಿಗೆ ತುಂಬಿದರು.

ಮಂಕರಿ ಹೊತ್ತು ಮೇಲೆ ಬಂದವರು ರಸ್ತೆಯಲ್ಲಿ ಸುಮ್ಮನೆ ನಿಂತರು. ಅದನ್ನು ಎಲ್ಲಿಗೆ ಕೊಂಡೊಯ್ಯುವುದು? ಒಂದು ಕಾಲಕ್ಕೆ ಇಡೀ ಬೀದಿಯ ಮಣ್ಣು ಅವರದಾಗಿತ್ತು. ಈಗ ಅವರ ಮನೆಯ ಸುತ್ತ ಸಿಮೆಂಟು ಬಿಟ್ಟು ಒಂದು ಬೊಗಸೆ ಜಾಗವಿಲ್ಲ.

ಅಪ್ಪ ನಮ್ಮ ಗೇಟು ಪೂರ್ತಿ ತೆರೆದರು. “ಇದೂ ನಿಮ್ಮ ಹೊಲವೇ ಅಲ್ವಾ? ಒಳಗೆ ಬನ್ನಿ” ಎಂದರು.

ಅಮ್ಮ ಬಾಗಿಲಲ್ಲೇ ನಿಂತಿದ್ದಳು. ಅಪ್ಪ ಹೋಗಿ ಅವಳ ಬಳಿ ಎರಡು ಮಾತು ಹೇಳಿದರು. ಅಮ್ಮ ಮಂಕರಿಯನ್ನು ನೋಡಿದಳು. ಕಾಂಪೌಂಡಿನ ಮೂಲೆಗೆ ಹೋಗಿ, ತಾನು ಮಕ್ಕಳಂತೆ ಸಾಕಿದ್ದ ಕನಕಾಂಬರದ ಗಿಡಗಳಲ್ಲಿ ನಾಲ್ಕನ್ನು ಕಿತ್ತು ಪಕ್ಕಕ್ಕಿಟ್ಟು ಜಾಗ ಮಾಡಿಕೊಟ್ಟಳು.

ಎಲ್ಲ ಮುಗಿಯುವ ಹೊತ್ತಿಗೆ ಯಜಮಾನರ ಹೆಂಡತಿ ರಸ್ತೆ ದಾಟಿ ಬಂದರು. ಇಷ್ಟು ವರ್ಷದಲ್ಲಿ ಆಕೆ ತಮ್ಮ ಹೊಸಿಲಿನಿಂದ ಈ ಕಡೆಗೆ ಬಂದದ್ದನ್ನು ನಾವು ನೋಡಿರಲಿಲ್ಲ. ಮೂಲೆಯ ಮಣ್ಣನ್ನು ನೋಡುತ್ತಾ ನಿಂತರು. ಅಮ್ಮ ಅವರ ಕೈಹಿಡಿದು ಮೆಟ್ಟಿಲ ಮೇಲೆ ಕೂರಿಸಿ, ಕಾಫಿ ತಂದಿಟ್ಟು ಕೇಳಿದಳು: “ಮಗೂಗೆ ಏನಂತ ಹೆಸರಿಟ್ಟಿದ್ರಿ?”

ಯಜಮಾನರು ತಟ್ಟನೆ ಆ ಕಡೆ ಮುಖ ತಿರುಗಿಸಿಕೊಂಡರು. ಆಕೆ ಹೇಳಿದರು: “ರತ್ನ. ರತ್ನಿ ಅಂತಿದ್ವಿ.”

ಆಮೇಲೆ ಆಕೆಯ ಮಾತು ನಿಲ್ಲಲೇ ಇಲ್ಲ. ರತ್ನಿಗೆ ಕತ್ತಲು ಕಂಡರೆ ಭಯವಂತೆ. ಜಡೆ ಹಾಕಿಸಿಕೊಳ್ಳಲು ಒಂದು ಕಡೆ ಕೂರುತ್ತಿರಲಿಲ್ಲವಂತೆ. ಮುದ್ದೆ ಸೇರುತ್ತಿರಲಿಲ್ಲವಂತೆ, ಯಾರೂ ನೋಡದಾಗ ತಟ್ಟೆಯಿಂದ ತೆಗೆದು ಬೆಕ್ಕಿಗೆ ಹಾಕಿಬಿಡುತ್ತಿದ್ದಳಂತೆ.

“ಬೆಕ್ಕಿಗಲ್ಲ” ಎಂದರು ಯಜಮಾನರು, ಆ ಕಡೆಗೆ ಮುಖ ಮಾಡಿಕೊಂಡೇ. “ನಾಯಿಗೆ.”

“ಬೆಕ್ಕಿಗೇಯ. ನಿಮಗೇನ್ ಗೊತ್ತು, ನೀವು ಹೊಲ್ದಲ್ಲಿರ್ತಿದ್ರಿ.”

“ಕೆಂದ ನಾಯಿ ಕಣೆ. ನಾನೇ ಕಂಡಿವ್ನಿ.”

ಮೆಟ್ಟಿಲ ಮೇಲೆ ಕೂತು ಗಂಡ ಹೆಂಡತಿ ಇಬ್ಬರೂ ಅದಕ್ಕಾಗಿ ಜಗಳವಾಡಿದರು. ಕಾಫಿ ತಣ್ಣಗಾಯಿತು. ಅಮ್ಮ ಒಳಗೆ ಹೋಗಿ ಮತ್ತೆ ಹಾಲು ಕಾಯಲಿಟ್ಟಳು.