ಚೌತಿಗೆ ಮುಂಚೆ ಒಂದು ಹಳೆಯ ಲೇತ್

ಸುದರ್ಶನವನ್ನು ಬೆರಳ ತುದಿಯಲ್ಲಿ ಕೂದಲೆಳೆಯಷ್ಟೂ ಅಲುಗದಂತೆ ತಿರುಗಿಸುವ ಶ್ರೀಹರಿಗೆ ಮೊದಲ ನಮಸ್ಕಾರ. ಕಾರ್ಖಾನೆಯಲ್ಲಿ ಲೋಹವನ್ನು ತಿರುಗಿಸಿ ಕಡೆಯುವ ಲೇತ್ ಮುಂದೆ ನಿಂತೇ ಆಯುಷ್ಯ ಕಳೆದ ನನಗೆ ಆ ಕೆಲಸದ ಕಷ್ಟ ಗೊತ್ತು.

ಹಳೆಯ ಮೆಷಿನ್ ನೋಡಲು ಹೊರಟವನಿಗೆ ಏನೇನೆಲ್ಲ ಆಗುತ್ತದೆ, ಕೇಳಿ. ರಿಟೈರಾದ ಮೇಲೆ ನನ್ನ ಕೈ ಸುಮ್ಮನಿರಲಿಲ್ಲ. ಮುಲುಂಡಿನಲ್ಲಿ ನಮ್ಮ ಮನೆಯ ಹಿಂದೆ ಒಂದು ಸಣ್ಣ ಶೆಡ್ ಇದೆ. ಅಲ್ಲೊಂದು ಲೇತ್ ಇಟ್ಟುಕೊಂಡು ದೇವಸ್ಥಾನದ ದೀಪಗಳನ್ನು ರಿಪೇರಿ ಮಾಡಿಕೊಂಡಿರೋಣ ಎಂಬ ಆಸೆ. ಹೆಂಡತಿ ಗಡುವು ಕೊಟ್ಟಳು: "ಚೌತಿಯೊಳಗೆ ಬಂದರೆ ಲೇತ್. ಇಲ್ಲದಿದ್ದರೆ ಅಲ್ಲಿ ನಮ್ಮ ಭಜನಾ ಮಂಡಳಿಯ ಪಾತ್ರೆಗಳು."

ಭಜನೆಗೆ ಎದುರಾಡುವ ಬಾಯಿಯನ್ನು ದೇವರು ನನಗೆ ಕೊಟ್ಟಿಲ್ಲ.

ಹಸಿರು ಬಣ್ಣ

ಮೊದಲು ನೋಡಿದ್ದು ಕುರ್ಲಾದ ಒಬ್ಬ ದಲಾಲನ ಬಳಿ. "ಏಕ್‌ದಮ್ ನಯಾ ಹೈ, ಅಂಕಲ್!" ಎಂದ. ಮುಟ್ಟಿ ನೋಡಿದೆ, ಅಂಗೈ ಹಸಿರಾಯಿತು. ಹಳೆಯ ಮೆಷಿನ್ನಿಗೆ ಹೊಸ ಬಣ್ಣ ಬಳಿದರೆ ನಾನು ಕೋಪಿಸಿಕೊಳ್ಳುವುದಿಲ್ಲ, ನನ್ನ ತಲೆಗೂ ಕೆಲವು ವರ್ಷ ಬಳಿದುಕೊಂಡವನೇ. ಆದರೆ ಇವನು ಎಣ್ಣೆ ಹಾಕುವ ತೂತುಗಳನ್ನೂ ಬಿಡದೆ ಬಳಿದಿದ್ದ.

"ಎಣ್ಣೆ ಎಲ್ಲಿಂದ ಹಾಕುತ್ತೀರಪ್ಪಾ?" ಎಂದೆ.

ಅವನು ಒಂದು ಕ್ಷಣ ಯೋಚಿಸಿ, "ಅಂಕಲ್, ಇದು ಖಾನ್‌ದಾನಿ ಮೆಷಿನ್, ದೊಡ್ಡ ಮನೆತನದ್ದು. ಯಾರ ಹತ್ತಿರವೂ ಏನೂ ಕೇಳುವುದಿಲ್ಲ" ಎಂದ.

ಪ್ರಸಾದ

ಎರಡನೆಯದು ಚೆಂಬೂರಿನಲ್ಲಿ, ನಮ್ಮ ಊರ ಕಡೆಯವರದೇ. ಒಬ್ಬನೇ ಹೋದರೆ ಮರುಳಾಗುತ್ತೇನೆಂದು ಹೆಂಡತಿಯೂ ಬಂದಳು. ಮೆಷಿನ್ನಿಗೆ ಹೂವಿನ ಹಾರ. ಕಾಲಿನ ಬಳಿ ಒಂದೇ ಕಡೆ ಅಂಗೈಯಗಲ ಕುಂಕುಮ. ನಾನು ಚಪ್ಪಲಿ ಕಳಚಿ ಕೈಮುಗಿದೆ. ಅಷ್ಟು ದಪ್ಪಗೆ ಮೆತ್ತಿದ್ದು ನೋಡಿ ಸಂಶಯವೇನೋ ಬಂತು. ಆದರೆ ಕುಂಕುಮ ಒರೆಸುವುದುಂಟೇ? ಪಾಪವಲ್ಲವೇ?

ಹೆಂಡತಿ ಬಗ್ಗಿ ಒಂದು ಬೆರಳಷ್ಟು ತೆಗೆದು ಹಣೆಗಿಟ್ಟುಕೊಂಡಳು. "ನಿಮಗೂ" ಎಂದು ನನ್ನ ಹಣೆಗೆ. ಆಮೇಲೆ ಮಾಲೀಕರಿಗೆ. "ಮಗಳಿಗೆ ಸ್ವಲ್ಪ, ಸೊಸೆಗೆ ಸ್ವಲ್ಪ, ಪಕ್ಕದ ಮನೆಯವರಿಗೆ ಸ್ವಲ್ಪ" ಎನ್ನುತ್ತ ಕಾಗದಕ್ಕೆ ಕೆರೆದುಕೊಳ್ಳತೊಡಗಿದಳು. ಪ್ರಸಾದ ತೆಗೆದುಕೊಳ್ಳಬೇಡಿ ಎನ್ನಲು ಯಾರಿಗೆ ಧೈರ್ಯ? ಕೆಂಪು ಸರಿದಂತೆ ಕೆಳಗೆ ಉದ್ದದ ವೆಲ್ಡಿಂಗ್ ಗೆರೆ ಕಾಣಿಸಿತು. ಒಡೆದ ಕಾಲನ್ನು ಅಂಟಿಸಿದ್ದರು.

ಮಾಲೀಕರು ಕೈಮುಗಿದರು. "ಸಾಕು ಅಕ್ಕಾ, ಇನ್ನೂ ತೆಗೆದರೆ ಮೆಷಿನ್ ಬಿದ್ದೇ ಹೋದೀತು."

ದಹಿಸರಿನ ಆಯಿ

ಚೌತಿಗೆ ಹತ್ತು ದಿನ ಉಳಿದಿತ್ತು. ಹೆಂಡತಿ ಶೆಡ್ ಗುಡಿಸಿಟ್ಟಿದ್ದಳು, ಪಾತ್ರೆಗಳಿಗಾಗಿ.

ಆಗ ದಹಿಸರಿನಲ್ಲಿ ಒಬ್ಬ ಮರಾಠಿ ಮುದುಕಿಯ ಬಳಿ ಲೇತ್ ಇದೆಯೆಂದು ತಿಳಿದು ಗಂಡಹೆಂಡತಿ ಇಬ್ಬರೂ ಹೋದೆವು. ಎಲ್ಲರಿಗೂ ಅವರು ಆಯಿ, ಅಂದರೆ ಅಮ್ಮ. ತೀರಿಹೋದ ಗಂಡನ ಮೆಷಿನ್. ದಿನಾ ಒರೆಸಿ, ಎಣ್ಣೆ ಬಿಟ್ಟು, ಕೈಯಿಂದ ಒಂದು ಸುತ್ತು ತಿರುಗಿಸುತ್ತಿದ್ದರಂತೆ. ಬಣ್ಣ ಮಾಸಿತ್ತು. ಉಕ್ಕಿನ ಪಟ್ಟಿಯನ್ನು ಮೆಷಿನ್ನಿನ ಹಾಸಿನ ಮೇಲೆ ಅಂಚೂರಿ ನಿಲ್ಲಿಸಿ ನೋಡಿದೆ, ಅಡಿಯಲ್ಲಿ ಬೆಳಕು ನುಸುಳಲಿಲ್ಲ, ಹಾಸು ಸವೆದಿರಲಿಲ್ಲ. ಹಿಡಿಕೆ ತಿರುಗಿಸಿದೆ, ನನ್ನ ಮೊಣಕಾಲಿನಲ್ಲಿರುವಷ್ಟೂ ಸಡಿಲವಿರಲಿಲ್ಲ. ಒಂದು ಸರಳು ಕಡೆದು ಅಳೆದರೆ ಎರಡೂ ತುದಿಯ ದಪ್ಪ ಸಮ. ಮನಸ್ಸಿನಲ್ಲೇ ಗೋವಿಂದಾ ಎಂದೆ.

"ನೀವು ನೋಡುವುದು ಮುಗಿಯಿತಲ್ಲ" ಎಂದರು ಆಯಿ. "ಇನ್ನು ನಾನು ನೋಡಬೇಕು. ಕುಡಿತ ಇದೆಯೇ?"

"ತೀರ್ಥ ಮಾತ್ರ, ಆಯೀ."

"ಮಳೆಗಾಲದಲ್ಲಿ ಸೂರು ಸೋರುತ್ತದೆಯೇ?"

"ಇಲ್ಲ."

"ಮನೆಯಲ್ಲಿ ಬೇರೆ ಮೆಷಿನ್?"

ಹೆಂಡತಿ ಹೇಳಿದಳು, "ಮಿಕ್ಸರ್ ಇದೆ."

ಆಯಿ ಸ್ವಲ್ಪ ಯೋಚಿಸಿದರು. "ಅದು ಪರವಾಗಿಲ್ಲ."

ಚೌತಿಗೆ ಎರಡು ದಿನ ಮುಂಚೆ ಆಯಿಯ ಬಾಗಿಲಿಗೆ ಟೆಂಪೊ ಬಂತು. ಹೊರಡುವಾಗ ಆಯಿ ಲೇತಿಗೆ ಅರಿಶಿನ ಹಚ್ಚಿ, ಅಕ್ಕಿ, ತೆಂಗಿನಕಾಯಿ, ರವಿಕೆ ಕಣ ಇಟ್ಟು ಉಡಿ ತುಂಬಿದರು. ಕಣ್ಣೊರೆಸಿಕೊಂಡು, "ಮೊದಲ ಎಂಟು ದಿನ ಭಾರದ ಕೆಲಸ ಹೇಳಬೇಡಿ" ಎಂದರು. ಟೆಂಪೊದವನೂ ಕಣ್ಣೊರೆಸಿಕೊಂಡ.

ದೀಪಾವಳಿಗೆ ಆಯಿಯ ಫೋನ್ ಬಂತು. "ಜಾವಯಿಬಾಪು, ಮೊದಲ ಹಬ್ಬ. ಮಗಳನ್ನು ಕರೆದುಕೊಂಡು ತವರಿಗೆ ಬನ್ನಿ."

ಅರವತ್ತು ದಾಟಿದ ಮೇಲೆ ನಾನು ಮತ್ತೆ ಅಳಿಯ! "ಆಯೀ, ಅವಳು ಅರ್ಧ ಟನ್ ತೂಗುತ್ತಾಳೆ. ಲೋಕಲ್ ರೈಲಿಗೆ ಹತ್ತಿಸುವುದು ಹೇಗೆ?"

"ಹಾಗಾದರೆ ನೀವೊಬ್ಬರೇ ಬನ್ನಿ."

ಹೋದೆ. ಆರತಿ ಎತ್ತಿದರು, ಹೋಳಿಗೆ ಬಡಿಸಿದರು, ಹೊಸ ಪಂಚೆ ಕೊಟ್ಟರು. ಬಾಗಿಲ ತನಕ ಬಂದು, ಅತ್ತಿತ್ತ ನೋಡಿ, ದನಿ ತಗ್ಗಿಸಿ ಕೇಳಿದರು:

"ನಿಜ ಹೇಳಿ. ಆ ನಿಮ್ಮ ಹೆಂಡತಿ ಅವಳನ್ನು ಚೆನ್ನಾಗಿ ನೋಡಿಕೊಳ್ಳುತ್ತಾಳಾ?"

ಇಷ್ಟು ಹೊತ್ತು ಕಿವಿಗೊಟ್ಟ ನಿಮ್ಮೆಲ್ಲರ ಮನೆಯಲ್ಲಿ ತಿರುಗಬೇಕಾದದ್ದು ಸದ್ದಿಲ್ಲದೆ ತಿರುಗುತ್ತಿರಲಿ, ನಿಲ್ಲಬೇಕಾದದ್ದು ಅಲುಗದೆ ನಿಲ್ಲಲಿ. ಶ್ರೀಹರಿ ಎಲ್ಲರನ್ನೂ ಕಾಯಲಿ.