ಮೂರನೆಯ ಸಲ ಕೇಳದ ಮ್ಯಾನೇಜರು

‘ಬೇಕು’ ಎನ್ನುವ ಮಾತು ನನ್ನ ಬಾಯಿಂದ ನೇರವಾಗಿ ಹೊರಟದ್ದು ನನಗೆ ನೆನಪಿಲ್ಲ. ಹೊಟ್ಟೆ ಚುರುಗುಟ್ಟುತ್ತಿದ್ದರೂ, ಯಾರಾದರೂ ತಟ್ಟೆ ಹಿಡಿದು ಎದುರು ನಿಂತರೆ ನನ್ನ ಕೈ ತಾನಾಗಿಯೇ ಅಡ್ಡ ಹೋಗುತ್ತದೆ, ಬಾಯಿ ತಾನಾಗಿಯೇ ‘ಬ್ಯಾಡ, ಈಗಷ್ಟೇ ಆಯ್ತು’ ಅನ್ನುತ್ತದೆ. ಇದು ನನ್ನೊಬ್ಬಳ ಕಾಯಿಲೆಯಲ್ಲ, ನಮ್ಮ ಸೀಮೆಯದ್ದು. ನಾನು ಹುಟ್ಟಿದ್ದು ತೀರ್ಥಹಳ್ಳಿಯಲ್ಲಿ, ಮದುವೆಯಾಗಿ ಬಂದದ್ದು ಸಾಗರಕ್ಕೆ. ಚಿಕ್ಕವಳಿದ್ದಾಗ ನೆಂಟರ ಮನೆಗೆ ಹೊರಡುವ ಮುಂಚೆ ಅಮ್ಮ ನನ್ನ ತಲೆ ಬಾಚುತ್ತ ಒಂದು ಪಾಠವನ್ನೂ ಹೇಳಿಕೊಡುತ್ತಿದ್ದಳು. ಕೊಟ್ಟ ಕೂಡಲೇ ಕೈ ಚಾಚಬಾರದು. ಮೊದಲ ಸಲ ಬೇಡ ಅನ್ನಬೇಕು, ಎರಡನೆಯ ಸಲವೂ ಬೇಡ ಅನ್ನಬೇಕು, ಮೂರನೆಯ ಸಲ ಕೇಳಿದಾಗ ‘ನೀವು ಇಷ್ಟು ಹೇಳ್ತೀರಿ ಅಂತ’ ಎಂದು ತೆಗೆದುಕೊಳ್ಳಬೇಕು. ಬಡಿಸುವವರಿಗೂ ಈ ಲೆಕ್ಕ ಗೊತ್ತಿರುವುದರಿಂದ ಯಾರೂ ಉಪವಾಸ ಬೀಳುವುದಿಲ್ಲ. ಒಮ್ಮೆ ಮಾತ್ರ ಹೊಸನಗರದ ಅಕ್ಕನ ಮನೆಯಲ್ಲಿ ಕಡುಬಿಗೆ ಎರಡು ಸಲ ಬೇಡ ಅಂದಿದ್ದೆ, ಮೂರನೆಯ ಸಲ ಕೇಳುವಷ್ಟರಲ್ಲಿ ಅಕ್ಕನಿಗೆ ಫೋನ್ ಬಂತು. ಅವಳು ಫೋನಿನ ಜೊತೆಗೆ ಕಡುಬಿನ ಪಾತ್ರೆಯನ್ನೂ ಹಿಡಿದುಕೊಂಡು ಹಿತ್ತಿಲಿಗೆ ಹೋದಳು. ನಾನು ಬಸ್‌ಸ್ಟ್ಯಾಂಡಿನ ಹೋಟೆಲಿಗೆ ಬಂದು ಮಸಾಲೆದೋಸೆ ತಿನ್ನುತ್ತಿದ್ದಾಗ ಭಾವ ಒಳಗೆ ಬಂದರು. ಅವರ ಮುಖ ನನಗೆ ಇನ್ನೂ ಕಣ್ಣಿಗೆ ಕಟ್ಟಿದ ಹಾಗಿದೆ.

ಇಂಥ ನಾನು ಐವತ್ತು ದಾಟಿದ ಮೇಲೆ ಕೆಲಸ ಕೇಳಿಕೊಂಡು ಇಂಟರ್‌ವ್ಯೂಗೆ ಹೋದೆ ಎಂದರೆ ಅದಕ್ಕೆ ತಕ್ಕ ಕಾರಣ ಇರಲೇಬೇಕಲ್ಲ. ಕಾರಣ ನಮ್ಮನೆಯವರು. ಅವರು ಹೈಸ್ಕೂಲಿನಲ್ಲಿ ಡ್ರಿಲ್ ಮಾಸ್ಟರಾಗಿದ್ದವರು. ಹೋದ ವರ್ಷ ನಿವೃತ್ತರಾದರು. ಶಾಲೆಯವರು ಹಾರ ಹಾಕಿ, ಶಾಲು ಹೊದೆಸಿ, ಒಳ್ಳೆಯ ಮಾತಾಡಿ ಕೈ ತೊಳೆದುಕೊಂಡರು. ಜೀವಮಾನವಿಡೀ ಮಕ್ಕಳನ್ನು ಸಾಲಾಗಿ ನಿಲ್ಲಿಸಿದ ಮನುಷ್ಯನಿಗೆ ಇನ್ನು ಸಾಲಾಗಿ ನಿಲ್ಲಿಸಲು ಉಳಿದದ್ದು ನಾನು ಮತ್ತು ನನ್ನ ಅಡಿಗೆಮನೆಯ ಡಬ್ಬಿಗಳು. ನಿವೃತ್ತರಾದ ವಾರದಲ್ಲೇ ಡಬ್ಬಿಗಳೆಲ್ಲ ಎತ್ತರದ ಪ್ರಕಾರ ಪ್ರಾರ್ಥನೆಗೆ ನಿಂತವು. ಸಾಸಿವೆ ಎಲ್ಲಿದೆ ಎಂದು ಹುಡುಕುವಷ್ಟರಲ್ಲಿ ಎಣ್ಣೆ ಹೊಗೆಯೇಳುತ್ತಿತ್ತು. ‘ಒಲೆ ಮೇಲೆ ಹಾಲಿಟ್ಟು ಆಚೆ ಈಚೆ ನೋಡ್ಬಾರ್ದು’, ‘ಸೌಟು ಬಲಗಡೆ ಇರ್ಬೇಕು’, ಹೀಗೆ ಬೆಳಗಿನಿಂದ ಸಂಜೆಯವರೆಗೆ ಒಂದೇ ಸಮ. ಈ ಸಲ ಅಪ್ಪೆಮಿಡಿ ತಂದು ಉಪ್ಪಿನಕಾಯಿಗೆ ಕೂತರೆ, ಅವರು ಮಿಡಿಗಳನ್ನು ಜಗಲಿಯ ಚಾಪೆಯ ಮೇಲೆ ಗಾತ್ರದ ಪ್ರಕಾರ ಸಾಲು ಹಚ್ಚಿದರು. “ಎಲ್ಲ ಒಂದೇ ಭರಣಿಗೆ ಹೋಗೋವೇ ಅಲ್ವಾ ಮಾರಾಯ್ರೆ” ಅಂದೆ. “ಹೋಗೋ ತಂಕನಾದ್ರೂ ಶಿಸ್ತು ಬ್ಯಾಡ್ವನಾ” ಅಂದರು.

ಯಾರ ಹತ್ತಿರ ದೂರು ಹೇಳಲಿ? ಅವರಿಗೆ ಒಂದು ಚಟವಿಲ್ಲ, ಗಟ್ಟಿಯಾಗಿ ಬೈದವರಲ್ಲ. ಪಕ್ಕದ ಮನೆಯ ಸರೋಜಕ್ಕನ ಹತ್ತಿರ ತೋಡಿಕೊಂಡರೆ, “ನಿಂಗೆ ಪುಣ್ಯ ಮಾರಾಯ್ತಿ, ಗಂಡ ಅಡಿಗೆಮನೆಗೆ ಬಂದು ನಿಂತ್ಕಳ್ತಾರೆ. ನಮ್ಮೋರಿಗೆ ಅಡಿಗೆಮನೆ ಯಾವ ದಿಕ್ಕಲ್ಲಿದೆ ಅಂತನೇ ಗೊತ್ತಿಲ್ಲ” ಅಂದಳು. ಆದರೆ ಅವಳೇ ನನಗೆ ದಾರಿಯನ್ನೂ ತೋರಿಸಿದಳು. ಸಾಗರದಿಂದ ಹೊಸನಗರಕ್ಕೆ ಹೋಗುವ ದಾರಿಯಲ್ಲಿ ಹೊಸದಾಗಿ ಒಂದು ವಾಟರ್ ಪಾರ್ಕ್ ಆಗಿದೆ. ಜಾರುಬಂಡೆ, ಅಲೆ ಏಳುವ ಕೊಳ, ಹಾಡು ಹಾಕಿ ನೀರು ಸುರಿಸುವ ಕಟ್ಟೆ. ಆಗುಂಬೆಯಷ್ಟು ಹತ್ತಿರದಲ್ಲಿ ಆಕಾಶವೇ ಪುಕ್ಕಟೆಯಾಗಿ ಸುರಿಸುವಾಗ ಇಲ್ಲಿ ಟಿಕೆಟ್ ತೆಗೆದುಕೊಂಡು ನೆನೆಯುತ್ತಾರಲ್ಲ ಎಂದು ನಾವೆಲ್ಲ ನಕ್ಕಿದ್ದೆವು. ಆ ಪಾರ್ಕಿನವರು ಬೇಸಿಗೆ ರಜೆಯ ಮಟ್ಟಿಗೆ ಕೆಲಸಕ್ಕೆ ಜನ ಬೇಕು, ವಯಸ್ಸಿನ ಮಿತಿ ಇಲ್ಲ ಎಂದು ಹಾಕಿದ್ದ ಜಾಹೀರಾತನ್ನು ಸರೋಜಕ್ಕ ನಮ್ಮ ಮಹಿಳಾ ಮಂಡಳಿಯ ವಾಟ್ಸಾಪಿಗೆ ಕಳಿಸಿದ್ದಳು. ಎರಡು ತಿಂಗಳು ಬೆಳಗ್ಗೆ ಹೋಗಿ ಸಂಜೆ ಬರುವುದು. ಎರಡು ತಿಂಗಳು ಯಾರೂ ನನ್ನ ಸೌಟಿನ ದಿಕ್ಕು ನೋಡುವುದಿಲ್ಲ. ನನಗೆ ಆ ಕೆಲಸ ಬೇಕೇ ಬೇಕು ಅನ್ನಿಸಿಬಿಟ್ಟಿತು. ಚಿನ್ನಕ್ಕೂ ಸೀರೆಗೂ ನಾನು ಅಷ್ಟು ಆಸೆಪಟ್ಟವಳಲ್ಲ.

ಅರ್ಜಿಯನ್ನು ಫೋನಿನಲ್ಲೇ ತುಂಬಬೇಕಿತ್ತು. ದೇವರ ಮನೆಯಲ್ಲಿ ಕೂತು ತುಂಬಿದೆ, ಏಕೆಂದರೆ ಅಲ್ಲಿಗೆ ನಮ್ಮನೆಯವರು ಸ್ನಾನ ಆಗದೆ ಕಾಲಿಡುವುದಿಲ್ಲ. ‘ಈ ಕೆಲಸ ನಿಮಗೆ ಏಕೆ ಬೇಕು’ ಎಂದು ಕೇಳಿದ್ದರು. ದೇವರ ಎದುರು ಸುಳ್ಳು ಬರೆಯಲು ಮನಸ್ಸಾಗಲಿಲ್ಲ, ನಿಜ ಬರೆಯಲು ಧೈರ್ಯವಾಗಲಿಲ್ಲ. ಕೊನೆಗೆ ‘ಹೊರಗಿನ ಗಾಳಿಗೆ’ ಎಂದು ಬರೆದು ಕಳಿಸಿದೆ. ಇಂಟರ್‌ವ್ಯೂಗೆ ಬನ್ನಿ ಎಂದು ಕರೆ ಬಂದಾಗ ಮಾತ್ರ ಅವರಿಗೆ ಹೇಳಲೇಬೇಕಾಯಿತು, ಸ್ಕೂಟರ್ ಬಿಡುವವರು ಅವರೇ ತಾನೆ. ಹೊತ್ತು ಹೋಗುವುದಿಲ್ಲ, ಅದಕ್ಕೆ ಅಂದೆ. ಅವರು, “ಹೊತ್ತಿಗೆ ಸರಿಯಾಗಿ ಹೋಗ್ಬೇಕು ಮತ್ತೆ. ಚಪ್ಪಲಿ ಬ್ಯಾಡ, ಬೂಟ್ಸ್ ಹಾಕು” ಅಂದರು. ನನ್ನ ಹತ್ತಿರ ಬೂಟ್ಸ್ ಇಲ್ಲ. ಮದುವೆಯಾಗಿ ಇಷ್ಟು ವರ್ಷವಾದರೂ ಅವರಿಗೆ ಅದು ಗೊತ್ತಿರಲಿಲ್ಲ.

ಪಾರ್ಕಿನ ಗೇಟಿನ ಹತ್ತಿರ ಹುಡುಗ ಹುಡುಗಿಯರ ಗುಂಪೇ ಇತ್ತು. ಅಮ್ಮನನ್ನು ಯಾಕೆ ಕರೆದುಕೊಂಡು ಬಂದೆ ಎಂದು ಯಾರನ್ನೋ ಕೇಳುವಂತೆ ಎಲ್ಲರೂ ನನ್ನ ಅಕ್ಕಪಕ್ಕ ನೋಡಿದರು. ನಮ್ಮನೆಯವರನ್ನು ನೆರಳಲ್ಲಿ ನಿಲ್ಲಿಸಿ, ನನ್ನ ಹೆಸರು ಕರೆದಾಗ ಒಳಗೆ ಹೋದೆ. ಗಾಳಿ ತುಂಬಿದ ಟ್ಯೂಬುಗಳನ್ನು ಒಟ್ಟಿದ್ದ ಕೋಣೆಯಲ್ಲಿ ಮ್ಯಾನೇಜರು ಕೂತಿದ್ದರು. ನನ್ನ ಮಗಳಿಗಿಂತ ಒಂದೆರಡು ವರ್ಷ ದೊಡ್ಡವರಿರಬಹುದು. ವಿಜಯಪುರದ ಕಡೆಯವರು, ಬಂದು ಒಂದು ತಿಂಗಳೂ ಆಗಿರಲಿಲ್ಲ ಎಂದು ಆಮೇಲೆ ತಿಳಿಯಿತು. ಪಕ್ಕದ ಮೇಜಿನಲ್ಲಿ ಮಾಲತಿ ಎಂಬ ಹುಡುಗಿ ಕಂಪ್ಯೂಟರ್ ಒತ್ತುತ್ತಿದ್ದಳು. ಅವಳು ಹೊಸನಗರದವಳು.

“ಕೂಡ್ರಿ ಮೇಡಂ. ಈಜು ಬರ್ತದೇನ್ರಿ?” ಎಂದು ಮ್ಯಾನೇಜರು ಶುರುಮಾಡಿದರು.

“ಇಲ್ಲ ಸರ್.”

“ನೀರಂದ್ರ ಅಂಜಿಕಿ?”

“ನಲ್ಲಿಲಿ ಬರದೆ ಹೋದ್ರೆ ಹೆದ್ರಿಕೆ” ಅಂದೆ. ಅವರು ನಕ್ಕರು. ನನಗೆ ಧೈರ್ಯ ಬಂತು. ಸಣ್ಣ ಹುಡುಗನೊಬ್ಬ ಅಮ್ಮ ಕಾಣುತ್ತಿಲ್ಲ ಎಂದು ಅಳುತ್ತ ಬಂದರೆ ಏನು ಮಾಡುತ್ತೀರಿ ಎಂದು ಕೇಳಿದರು. “ಮೊದ್ಲು ತಿನ್ನಕ್ಕೆ ಎಂತಾದ್ರೂ ಕೊಡ್ತೀನಿ ಸರ್. ಬಾಯಿ ತುಂಬಿದ್ರೆ ಅಳಕ್ಕಾಗಲ್ಲ. ಅಷ್ಟೊತ್ತಿಗೆ ಅವನಮ್ಮನೇ ಹುಡುಕ್ಕಂಡು ಬರ್ತಾಳೆ” ಅಂದೆ. ಮ್ಯಾನೇಜರು ಪೆನ್ನು ಕೆಳಗಿಟ್ಟು ಕುರ್ಚಿಗೆ ಒರಗಿದರು.

“ಹೆಣ್ಮಕ್ಕಳ ಲಾಕರ್ ರೂಮಿಗೆ ನಿಮ್ಮಂಥಾ ಹಿರಿಯರು ಬೇಕಾಗ್ಯಾರ. ಮಂದಿ ಬಟ್ಟೆಬರೆ, ಬಂಗಾರ ಇಟ್ಟು ನೀರಿಗಿಳೀತಾರ, ನಂಬಿಗಸ್ತರು ಬೇಕು. ನಿಮಗಽ ಕೊಡ್ತೀನ್ರಿ. ಬರ್ತೀರಿ?”

ನನ್ನ ಎದೆ ಕುಣಿಯಿತು. ಬಾಯಿ ಮಾತ್ರ ಅಮ್ಮ ಕಲಿಸಿದ್ದನ್ನೇ ಹೇಳಿತು. “ಅಯ್ಯೋ, ನನ್ನ ಕೈಲಿ ಎಲ್ಲಾಗ್ತದೆ ಸರ್. ಹೊರಗೆ ಅಷ್ಟೊಂದು ಹುಡ್ಗೀರು ನಿಂತಿದಾರೆ, ಅವ್ರಿಗೇ ಕೊಡಿ.”

ಮ್ಯಾನೇಜರು ಹುಬ್ಬೇರಿಸಿದರು. “ಹಂಗಾದ್ರ ಬ್ಯಾಡೇನ್ರಿ?”

“ನಂಗೆಂತಕ್ಕೆ ಸರ್, ಪರವಾಗಿಲ್ಲ” ಅಂದು ಸೆರಗು ಸರಿಮಾಡಿಕೊಂಡು, ‘ನೀವು ಇಷ್ಟು ಹೇಳ್ತೀರಿ ಅಂತ’ ಎನ್ನುವುದನ್ನು ನಾಲಿಗೆಯ ತುದಿಯಲ್ಲಿ ತಂದಿಟ್ಟುಕೊಂಡು ಕಾದೆ.

“ಆತ್ರಿ ಮೇಡಂ. ಇದ್ದದ್ದು ಇದ್ದಂಗ ಹೇಳಿದ್ರಿ, ಛಲೋ ಆತು” ಎಂದು ಅವರು ಕೈ ಮುಗಿದರು. “ಮಾಲತಿ, ಮುಂದಿನವ್ರನ್ನ ಕರೀರಿ.”

ಮಾಲತಿ ನನ್ನ ಮುಖ ನೋಡಿದಳು, ನಾನು ಅವಳ ಮುಖ ನೋಡಿದೆ. ಅವಳಿಗೆ ಎಲ್ಲ ಅರ್ಥವಾಗಿತ್ತು. ಆದರೆ ಅಷ್ಟರಲ್ಲಿ ಮುಂದಿನ ಹುಡುಗಿ ಬಂದು ನನ್ನ ಕುರ್ಚಿಯ ಬೆನ್ನಿಗೆ ಕೈಯಿಟ್ಟು ನಿಂತಿದ್ದಳು. ನಾನು ಎದ್ದು ಬಂದೆ. ಬಾಗಿಲು ದಾಟುವಾಗ ಆ ಹುಡುಗಿ, ಅವರು ಏನಾದರೂ ಕೇಳುವ ಮೊದಲೇ, “ಯಾವ್ ಕೆಲ್ಸ ಆದ್ರೂ ಮಾಡ್ತೀನಿ ಸರ್” ಅಂದದ್ದು ಕೇಳಿಸಿತು. ಯಾವ ಮನೆಯಲ್ಲಿ ಬೆಳೆದಳೋ ಎಂದು ಮನಸ್ಸಿನಲ್ಲೇ ಬೈದುಕೊಂಡೆ. ಬೈದುಕೊಂಡು ಎರಡು ಹೆಜ್ಜೆ ಇಡುವಷ್ಟರಲ್ಲಿ ಕಣ್ಣಲ್ಲಿ ನೀರು ಬಂತು. ಅವರು ಕೈಯಾರೆ ಕೊಟ್ಟದ್ದನ್ನು ನಾನು ಬಾಯಾರೆ ಕಳೆದುಕೊಂಡಿದ್ದೆ.

ಹೊರಗೆ ಬಂದು ನೋಡಿದರೆ ಗುಂಪು ಕಾಣಲಿಲ್ಲ. ಅಷ್ಟೂ ಹುಡುಗ ಹುಡುಗಿಯರು ಎತ್ತರದ ಪ್ರಕಾರ ಎರಡು ಸಾಲಾಗಿ, ಒಬ್ಬರಿಗೊಬ್ಬರು ಒಂದು ಕೈ ಅಂತರದಲ್ಲಿ ನಿಂತಿದ್ದರು. ಮುಂದೆ ನಮ್ಮನೆಯವರು ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದರು. ನನ್ನ ಮುಖ ನೋಡಿ ಹತ್ತಿರ ಬಂದರು. ಆದದ್ದನ್ನು ಹೇಳಿದೆ. “ನೀ ಬ್ಯಾಡ ಅಂದಿದ್ದು ಬ್ಯಾಡ ಅಂತಲ್ಲ ಅಂತ ಅವ್ರಿಗೆ ಹೆಂಗೆ ಗೊತ್ತಾಗ್ಬೇಕೆ? ತಡಿ, ನಾ ಹೇಳಿ ಬರ್ತೀನಿ” ಎಂದು ಅಂಗಿಯ ಗುಂಡಿ ಹಾಕಿಕೊಂಡು ಒಳಗೆ ಹೋದರು. ಅವರಿಂದ ತಪ್ಪಿಸಿಕೊಳ್ಳಲು ನಾನು ಹುಡುಕಿದ ಕೆಲಸವನ್ನು ನನಗೆ ಕೊಡಿಸಲು ಅವರೇ ಹೋದರು. ನನಗೆ ಒಂಥರಾ ಪಾಪ ಅನ್ನಿಸಿತು. ಆದರೂ ಕೆಲಸ ಸಿಗಲಿ ಎಂದು ಚೌಡಮ್ಮನಿಗೆ ಹೂವಿನ ಹರಕೆ ಹೇಳಿಕೊಂಡೆ.

ಒಳಗೆ ನಡೆದದ್ದನ್ನು ಮಾಲತಿ ನನಗೆ ಆಮೇಲೆ ಹೇಳಿದಳು. ನಾನು ಎದ್ದು ಹೋದ ಮೇಲೆ ಅವಳು ಮ್ಯಾನೇಜರಿಗೆ, “ಸರ್, ನಮ್ಮ ಕಡೆ ಹಂಗೆ ಒಂದೆರಡು ಸಲ ಕೇಳಿ ಬಿಡಬಾರ್ದು. ಮೂರನೇ ಸಲ ಕೇಳಿದ್ರೆ ಆ ಅಮ್ಮ ಒಪ್ಕಳ್ತಿದ್ರು” ಎಂದು ವಿವರಿಸಿದ್ದಳಂತೆ. ಮ್ಯಾನೇಜರು ಹಣೆ ಚಚ್ಚಿಕೊಂಡರಂತೆ, ಆದರೆ ಲಾಕರ್ ರೂಮನ್ನು ಆಗಲೇ ಆ ಹುಡುಗಿಗೆ ಕೊಟ್ಟಾಗಿತ್ತು. ಅಷ್ಟರಲ್ಲಿ ನಮ್ಮನೆಯವರು ಒಳಗೆ ಹೋಗಿದ್ದಾರೆ. ಕಿಟಕಿಯಿಂದ ಎರಡು ಸಾಲುಗಳನ್ನು ಕಂಡಿದ್ದ ಮ್ಯಾನೇಜರು, ಇವರು ಬಾಯಿ ತೆರೆಯುವ ಮೊದಲೇ, “ಸರ, ಅಲೆ ಕೊಳಕ್ಕ ಒಬ್ಬರು ಸೂಪರ್‌ವೈಸರ್ ಬೇಕಾಗ್ಯಾರ. ನೀವಽ ಬರ್ರಿ” ಎಂದರಂತೆ. “ಬ್ಯಾಡ ಸರ್. ನಂಗೆ ಮನೇಲಿ ತುಂಬ ಕೆಲ್ಸ ಇದೆ” ಎಂದರಂತೆ ಇವರು. ಇದು ಉಪಚಾರದ ಬೇಡ ಅಲ್ಲ, ಅಸಲಿ ಬೇಡ. ಆದರೆ ಮ್ಯಾನೇಜರು ಹೊಸದಾಗಿ ಪಾಠ ಕಲಿತಿದ್ದರು. ಮಾಲತಿಯ ಕಡೆ ಒಮ್ಮೆ ನೋಡಿ ಮತ್ತೆ ಕೇಳಿದರು. ಇವರು ಮತ್ತೆ ಬೇಡ ಅಂದರು. ಮ್ಯಾನೇಜರು ಎದ್ದು ನಿಂತು, ಇವರ ಎರಡೂ ಕೈ ಹಿಡಿದುಕೊಂಡು ಮೂರನೆಯ ಸಲ ಕೇಳಿದರು. ಮೂರನೆಯ ಸಲವೂ ಇಲ್ಲ ಅಂದರೆ ನಮ್ಮಲ್ಲಿ ಅದು ಜಗಳಕ್ಕೆ ಸಮ. ನಮ್ಮನೆಯವರು ಮರ್ಯಾದಸ್ಥರು. “ನೀವು ಇಷ್ಟು ಹೇಳ್ತೀರಿ ಅಂತ” ಎಂದುಬಿಟ್ಟರು.

ಹೊರಗೆ ಬಂದವರ ಕೈಯಲ್ಲಿ ನೀಲಿ ಟೀ ಶರ್ಟು, ಟೋಪಿ, ಒಂದು ಸೀಟಿ ಇತ್ತು. ತಪ್ಪು ಮಾಡಿದ ಹುಡುಗನ ಹಾಗೆ ನನ್ನ ಮುಂದೆ ನಿಂತರು. ಸಾಗರಕ್ಕೆ ಮರಳುವಾಗ ಆ ಟೋಪಿ, ಸೀಟಿಗಳನ್ನು ನಾನೇ ಮಡಿಲಲ್ಲಿ ಇಟ್ಟುಕೊಂಡು ಸ್ಕೂಟರಿನ ಹಿಂದೆ ಕೂತೆ.

ಯೋಚಿಸಿದರೆ ನಾನು ಕುಣಿದಾಡಬೇಕಿತ್ತು. ಮನೆ ಬಿಟ್ಟು ಹೋಗುವವರು ಯಾರಾದರೇನು, ಅಡಿಗೆಮನೆ ನನ್ನದಾಯಿತಲ್ಲ. ಮೊದಲ ದಿನ ಡಬ್ಬಿಗಳನ್ನೆಲ್ಲ ಚೆಲ್ಲಾಪಿಲ್ಲಿ ಮಾಡಿ, ಸೌಟನ್ನು ಎಡಗಡೆ ಇಟ್ಟು ಸಂಭ್ರಮಪಟ್ಟೆ. ಎರಡನೆಯ ದಿನ ಮಧ್ಯಾಹ್ನ ಒಂದು ನಿದ್ದೆಯೂ ಆಯಿತು. ಆದರೆ ಸಂಜೆ ಅವರು ಬಿಸಿಲಿಗೆ ಕೆಂಪಗಾಗಿ ಬಂದು, ಕಾಫಿ ಕುಡಿಯುತ್ತ, ಶಿವಮೊಗ್ಗದ ಮದುವೆ ದಿಬ್ಬಣವೊಂದು ಮದುಮಗನ ಸಮೇತ ಕೊಳಕ್ಕೆ ಇಳಿದದ್ದು, ಅಜ್ಜಿಯೊಬ್ಬರು ಜಾರುಬಂಡೆ ಬಿಟ್ಟು ಬರಲೊಪ್ಪದೆ ಮತ್ತೆ ಮತ್ತೆ ಮೇಲೆ ಹತ್ತಿದ್ದು, ಇದನ್ನೆಲ್ಲ ಹೇಳತೊಡಗಿದಾಗ ನನಗೆ ಹೊಟ್ಟೆ ಉರಿಯಿತು. ಮುಚ್ಚುಮರೆಯಿಲ್ಲದೆ ಹೇಳುತ್ತೇನೆ, ಗಂಡನ ಮೇಲೆ ಅಷ್ಟು ಹೊಟ್ಟೆಕಿಚ್ಚು ನನಗೆ ಯಾವತ್ತೂ ಆಗಿರಲಿಲ್ಲ. ಆ ಅಜ್ಜಿಯ ಲಾಕರಿನ ಬೀಗದ ಕೈ ನನ್ನ ಕೈಯಲ್ಲಿ ಇರಬೇಕಿತ್ತು.

ವಾರ ಕಳೆಯುವುದರೊಳಗೆ ಒಂದು ಸಂಜೆ ಅವರು ಟೋಪಿ ತೆಗೆದು ಮೊಳೆಗೆ ಸಿಕ್ಕಿಸುತ್ತ, “ಲಾಕರ್ ರೂಮಿನ ಹುಡ್ಗಿ ಬಿಟ್ಲು. ಅವ್ಳಿಗೆ ಪರೀಕ್ಷೆ ಅಂತೆ. ನಾಳೆಯಿಂದ ನೀ ಬರ್ತೀಯ ಅಂತ ಹೇಳಿ ಬಂದಿದೀನಿ” ಅಂದರು.

“ನನ್ನ ಒಂದು ಮಾತು ಕೇಳದು ಬ್ಯಾಡ್ವಾ?”

“ಕೇಳಿದ್ರೆ ಬ್ಯಾಡ ಅಂತಿದ್ದೆ” ಅಂದು ಕಾಲು ತೊಳೆಯಲು ಹೋದರು.

ಹೀಗೆ ಈಗ ದಿನಾ ಬೆಳಗ್ಗೆ ಅವರದೇ ಸ್ಕೂಟರಿನ ಹಿಂದೆ ಕೂತು ಕೆಲಸಕ್ಕೆ ಹೋಗುತ್ತಿದ್ದೇನೆ. ನನ್ನ ಕೋಣೆಯ ಬಾಗಿಲಿಗೆ ‘ಗಂಡಸರಿಗೆ ಪ್ರವೇಶವಿಲ್ಲ’ ಎಂಬ ಬೋರ್ಡಿದೆ. ಮೊದಲ ದಿನ ಅದನ್ನು ನನ್ನ ಸೆರಗಿನಿಂದಲೇ ಒರೆಸಿದೆ. ಅಲೆ ಕೊಳ ಅಲ್ಲೇ ಎದುರಿಗಿದ್ದುದರಿಂದ ಅವರು ಬೋರ್ಡಿನ ಆಚೆ ನಿಂತು ಬೀಗದ ಕೈಗಳನ್ನು ಹೇಗೆ ತೂಗುಹಾಕಬೇಕು ಎಂದು ಹೇಳುತ್ತಿದ್ದರು, ಹಾಡಿನ ಗದ್ದಲದಲ್ಲಿ ಕೇಳಿಸುವುದಿಲ್ಲ ಎಂದು ನಾನು ಕೈಯಾಡಿಸುತ್ತಿದ್ದೆ. ಬದುಕು ಸುಖವಾಗಿತ್ತು. ಹೋದ ಸೋಮವಾರ ಮ್ಯಾನೇಜರು ಅವರನ್ನು ಪಾರ್ಕಿನ ಇನ್ನೊಂದು ತುದಿಗೆ, ವಾಹನ ನಿಲ್ಲಿಸುವ ಬಯಲಿಗೆ ಹಾಕಿದರು. ಬೋರ್ಡಿನ ಆಚೆ ಯಾರೂ ಬರಲಿಲ್ಲ. ಬೀಗದ ಕೈ ಹೇಗೆ ಹಾಕಿದರೂ ಕೇಳುವವರಿಲ್ಲ. ಮಧ್ಯಾಹ್ನದ ಹೊತ್ತಿಗೆ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಮಾಲತಿಯನ್ನು ಕೋಣೆಯಲ್ಲಿ ಕೂರಿಸಿ, ಕ್ಯಾಂಟೀನಿನಿಂದ ಒಂದು ಬಾಟಲಿ ಮಜ್ಜಿಗೆ ತುಂಬಿಸಿಕೊಂಡು, ಸುಡುವ ಡಾಂಬರಿನ ಮೇಲೆ ಅಷ್ಟು ದೂರ ನಡೆದು ಹೋದೆ. ಅಲ್ಲಿ ಕಾರುಗಳೆಲ್ಲ ಸಣ್ಣವು ಮುಂದೆ, ದೊಡ್ಡವು ಹಿಂದೆ ನಿಂತಿದ್ದವು. ಅವರು ನನ್ನನ್ನು ಕಂಡದ್ದೇ ಸೀಟಿ ಊದಿ, “ಕೆಲ್ಸದ ಹೊತ್ತಲ್ಲಿ ಜಾಗ ಬಿಟ್ಟು ಬರ್ಬಾರ್ದು ಅಂತ ಗೊತ್ತಿಲ್ವನಾ” ಎಂದು ಎಲ್ಲ ಡ್ರೈವರುಗಳ ಎದುರು ಗದರಿದರು. ಮಜ್ಜಿಗೆಯನ್ನು ಮಾತ್ರ ಪೂರಾ ಕುಡಿದು, ಉಪ್ಪು ಸ್ವಲ್ಪ ಹೆಚ್ಚಾಯಿತು ಅಂದರು. ನಾನು ನಗುನಗುತ್ತಲೇ ವಾಪಸು ಬಂದೆ, ನಾಳೆ ಉಪ್ಪು ಕಡಿಮೆ ಹಾಕಿಸಬೇಕು ಎಂದುಕೊಳ್ಳುತ್ತ.