ದಪ್ಪ ಸಾಲದು

ಬೆಳಿಗ್ಗೆ ಏಳಕ್ಕೆ ಬಂದ ಒಂದು ಫೋನು ದಪ್ಪಕ್ಕನ ದಿನವನ್ನು ಹಾಳು ಮಾಡಿತು. ಫೋನು ಮಾಡಿದವನು ಡಬ್ಬಿಂಗ್ ಸ್ಟುಡಿಯೋದ ಮೇಲ್ವಿಚಾರಕ. ಸುದ್ದಿಯೇನೋ ಒಳ್ಳೆಯದೇ. ಹಾಳಾದದ್ದು ಅದರಿಂದಲೇ.

“ಮೇಡಂ, ನಮ್ಮ ಧಾರಾವಾಹಿಗೆ ಇವತ್ತಿಗೆ ಸಾವಿರದ ಐನೂರು ಕಂತು. ಸಂಜೆ ಆರಕ್ಕೆ ಚಾನೆಲ್‌ನಲ್ಲಿ ನೇರ ಪ್ರಸಾರ. ಈ ಸಲ ದನಿ ಕೊಟ್ಟೋರನ್ನೂ ವೇದಿಕೆ ಹತ್ತಿಸ್ತಾರಂತೆ. ಒಳ್ಳೆ ಬಟ್ಟೆ ಹಾಕ್ಕೊಂಡು ಹನ್ನೆರಡಕ್ಕೆ ಬಂದ್ಬಿಡಿ.”

ದಪ್ಪಕ್ಕನಿಗೆ ಹೆತ್ತವರು ಇಟ್ಟ ಹೆಸರೊಂದು ಇತ್ತು. ಬ್ಯಾಂಕಿನವರನ್ನು ಬಿಟ್ಟರೆ ಅದನ್ನು ಯಾರೂ ಬಳಸುತ್ತಿರಲಿಲ್ಲ. ಆರು ವರ್ಷದಿಂದ ಅವಳು ಆ ಧಾರಾವಾಹಿಯ ನಾಯಕಿಯ ದನಿ. ನಾಯಕಿಗೆ ನಮ್ಮ ಭಾಷೆ ಬಾರದು. ಕ್ಯಾಮೆರಾದ ಮುಂದೆ ಅವಳು ತನ್ನ ಭಾಷೆಯಲ್ಲಿ ಒಂದು, ಎರಡು, ಮೂರು ಎಂದು ಎಣಿಸುತ್ತಾ ಕಣ್ಣೀರು ಸುರಿಸಿದರೆ ಮುಗಿಯಿತು. ಆಮೇಲೆ ಕಿಟಕಿಯಿಲ್ಲದ ಕೋಣೆಯಲ್ಲಿ ಕೂತು, ಆ ಅಂಕಿಗಳನ್ನೆಲ್ಲ ವಿರಹವಾಗಿಸುವುದು ದಪ್ಪಕ್ಕನ ಕೆಲಸ. ಊರಿನ ಹೆಂಗಸರೆಲ್ಲ ಆ ದನಿ ಕೇಳಿ ಸೆರಗು ಒದ್ದೆ ಮಾಡಿಕೊಂಡವರೇ. ಅದು ಯಾರ ದನಿ ಎಂದು ಕೇಳಿದವರು ಒಬ್ಬರೂ ಇಲ್ಲ.

ಅದೇ ಧಾರಾವಾಹಿಯಲ್ಲಿ ಒಬ್ಬ ದಪ್ಪ ಅತ್ತೆ ಇದ್ದಳು. ಟಿವಿಯಲ್ಲಿ ದಪ್ಪಗಿರುವವರಿಗೆ ಪ್ರೀತಿ ಇಲ್ಲ, ದುಃಖ ಇಲ್ಲ. ತಿನ್ನುವುದು, ಬೀಳುವುದು ಎರಡೇ ಉದ್ಯೋಗ. ಅತ್ತೆ ಫ್ರಿಜ್ಜು ತೆರೆಯುತ್ತಾಳೆ, ಬಾಗಿಲಲ್ಲಿ ಸಿಕ್ಕಿಕೊಳ್ಳುತ್ತಾಳೆ, ಕುರ್ಚಿಯ ಮೇಲೆ ಕೂರುತ್ತಾಳೆ, ಕುರ್ಚಿ ಮುರಿಯುತ್ತದೆ. ಅವಳಿಗೆ ದನಿ ಕೊಡುವವಳು ಕಡ್ಡಿ. ಸ್ಟುಡಿಯೋದ ಫ್ಯಾನು ಜೋರಾಗಿ ತಿರುಗಿದರೆ ಗೋಡೆಗೆ ಒರಗಿ ನಿಲ್ಲುವಂಥ ಹುಡುಗಿ. ಅತ್ತೆ ಪಾತ್ರದ ನಟಿಯನ್ನು ಇಬ್ಬರೂ ಮುಖತಃ ಕಂಡಿರಲಿಲ್ಲ. ಶೂಟಿಂಗಿನವರು ಒಂದು ಕಡೆ, ಡಬ್ಬಿಂಗಿನವರು ಇನ್ನೊಂದು ಕಡೆ.

ದಪ್ಪಕ್ಕನಿಗೆ ವೇದಿಕೆಯ ಆಸೆ ಹುಟ್ಟಿದ್ದು ಹೆಸರಿಗಾಗಿ ಅಲ್ಲ, ಅಮ್ಮನಿಗಾಗಿ. ಅಮ್ಮನ ಎರಡು ಕಿವಿಯೂ ಕೇಳಿಸದೆ ಹತ್ತು ವರ್ಷವಾಗಿತ್ತು. ಮನೆಯಲ್ಲಿ ಮಾತೆಲ್ಲ ಸ್ಲೇಟಿನ ಮೇಲೆ. ಅಮ್ಮ ದಿನವೂ ಸಂಜೆ ಏಳೂವರೆಗೆ ಆ ಧಾರಾವಾಹಿ ನೋಡುತ್ತಿದ್ದರು, ಅತ್ತೆ ಬಿದ್ದಾಗಲೆಲ್ಲ ಕಣ್ಣಲ್ಲಿ ನೀರು ಬರುವಷ್ಟು ನಗುತ್ತಿದ್ದರು. ಮಗಳ ಕೆಲಸದ ಮೇಲೆ ಮಾತ್ರ ಅವರಿಗೆ ಎಳ್ಳಷ್ಟೂ ನಂಬಿಕೆ ಇರಲಿಲ್ಲ.

“ಟಿವೀಲಿ ಕೆಲಸ ಅಂತೀಯ. ಆರು ವರ್ಷದಿಂದ ಕಣ್ಣು ಪಿಳುಕಿಸದೆ ನೋಡ್ತಾ ಇದೀನಿ, ಒಂದು ದಿನಾನಾದ್ರೂ ಕಂಡ್ಯಾ? ಅಲ್ಲಿ ಕಸ ಗುಡಿಸ್ತಿದ್ರೆ ಹಾಗೇ ಹೇಳ್ಬಿಡು. ನಂಗೇನೂ ಬೇಜಾರಿಲ್ಲ” ಎನ್ನುತ್ತಿದ್ದರು.

ಇವತ್ತು ದಪ್ಪಕ್ಕ ಸ್ಲೇಟಿನ ತುಂಬ ದೊಡ್ಡದಾಗಿ ಬರೆದಳು: ‘ಸಂಜೆ ಆರಕ್ಕೆ ನೋಡು. ನಾನು ಕಾಣ್ತೀನಿ.’

ಅಮ್ಮ ಎರಡು ಸಲ ಓದಿದರು. ಕನ್ನಡಕ ಒರೆಸಿಕೊಂಡು ಮೂರನೆಯ ಸಲ ಓದಿದರು. ಆಮೇಲೆ ಸ್ಲೇಟು ಹಿಡಿದುಕೊಂಡು ಸೀದಾ ಎದುರುಮನೆಗೆ ಹೋದರು. ಅಲ್ಲಿಂದ ಶುರುವಾಯಿತು.

ಎದುರುಮನೆಯಾಕೆ ಪರೋಪಕಾರಿ. ಯಾರೂ ಕೇಳದಿದ್ದರೂ ಉಪಕಾರ ಮಾಡಿಯೇ ತೀರುವವಳು. ಐದು ನಿಮಿಷದಲ್ಲಿ ಗಂಡನ ಬೆನ್ನುನೋವಿನ ಬೆಲ್ಟು ಹಿಡಿದುಕೊಂಡು ಬಂದಳು.

“ನೋಡಿ, ತಪ್ಪು ತಿಳ್ಕೋಬೇಡಿ. ನಿಮ್ಮ ಒಳ್ಳೇದಕ್ಕೇ ಹೇಳ್ತಿರೋದು. ಇದನ್ನ ಬಿಗಿಯಾಗಿ ಕಟ್ಕೊಳ್ಳಿ. ಮತ್ತೆ ಸಂಜೆವರೆಗೂ ಏನೂ ತಿನ್ಬೇಡಿ. ನೀರೂ ಬೇಡ.”

“ಒಂದು ದಿನ ತಿನ್ನದಿದ್ರೆ ಇಳಿಯುತ್ತಾ?” ದಪ್ಪಕ್ಕ ಕೇಳಿದಳು.

“ಇಳಿಯಲ್ಲ. ಆದ್ರೆ ಪ್ರಯತ್ನ ಪಟ್ರಿ ಅನ್ನೋದು ಮುಖದಲ್ಲಿ ಕಾಣುತ್ತೆ. ಜನ ಅಷ್ಟಕ್ಕೇ ಕ್ಷಮಿಸ್ತಾರೆ.”

ಯಾವ ಅಪರಾಧಕ್ಕೆ ಕ್ಷಮೆ ಎಂದು ಕೇಳುವ ಬಾಯಿ ದಪ್ಪಕ್ಕನಿಗೂ ಇತ್ತು. ಆದರೆ ನಲವತ್ತು ವರ್ಷ ಇಂಥ ಒಳ್ಳೇದನ್ನು ಕೇಳಿಸಿಕೊಂಡವರಿಗೆ ಕೇಳುವ ಚಟ ಹೋಗಿರುತ್ತದೆ. ಬೆಲ್ಟು ಬಿಗಿದುಕೊಂಡಳು. ನೀಲಿ ನಿಲುವಂಗಿ ಹಾಕಿಕೊಂಡಳು. ಹಸಿದ ಹೊಟ್ಟೆಯಲ್ಲಿ ಬಸ್ಸು ಹತ್ತಿ ಚಾನೆಲ್ಲಿನ ಕಟ್ಟಡಕ್ಕೆ ಬಂದಳು. ಬಾಗಿಲ ಕಾವಲಿನವನು ಅವಳನ್ನು ಮೇಲಿಂದ ಕೆಳಗೆ ನೋಡಿ, “ಹಾಸ್ಯ ಕಾರ್ಯಕ್ರಮಕ್ಕಾದ್ರೆ ಎರಡನೇ ಮಹಡಿ” ಎಂದ.

ಮೇಕಪ್ ಕೋಣೆಯಲ್ಲಿ ಕಡ್ಡಿ ಆಗಲೇ ಬಂದು ಕೂತಿದ್ದಳು. ಆ ಸೆಕೆಯಲ್ಲೂ ಬಟ್ಟೆಯೊಳಗೆ ಎರಡು ಸ್ವೆಟರು ಹಾಕಿಕೊಂಡು ಬೆವರುತ್ತಿದ್ದಳು.

“ಏನೇ ಇದು?”

“ನಮ್ಮ ಚಿಕ್ಕಮ್ಮ ಹಾಕಿಸಿದ್ದು ಅಕ್ಕಾ. ಟಿವೀಲಿ ನೋಡಿದೋರು ರೋಗಿಷ್ಟೆ ಅಂದ್ಕೊಳ್ತಾರಂತೆ. ಬೆಳಿಗ್ಗೆಯಿಂದ ಆರು ಬಾಳೆಹಣ್ಣು ತಿನ್ನಿಸಿದಾರೆ. ವಾಂತಿ ಬರೋ ಹಾಗಿದೆ.”

“ನಂಗೆ ನೀರೂ ಕುಡಿಯೋಕೆ ಬಿಟ್ಟಿಲ್ಲ ಕಣೇ.”

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಕ್ಕರು. ಅಷ್ಟರಲ್ಲಿ ನಾಯಕಿ ಹಾದುಹೋದಳು. ಅವಳೂ ಕಡ್ಡಿಯಷ್ಟೇ ತೆಳ್ಳಗೆ, ಬೇಕಾದರೆ ಒಂದು ಎಳೆ ಕಡಿಮೆಯೇ. ಆದರೆ ಅವಳ ಹಿಂದೆ ಇಬ್ಬರು ದೀಪ ಹಿಡಿದು ನಡೆಯುತ್ತಿದ್ದರು. ಹಾಗಾಗಿ ಅವಳದು ಸೌಂದರ್ಯ, ಕಡ್ಡಿಯದು ಕಾಯಿಲೆ.

ಮೈಕು ಪರೀಕ್ಷೆಗೆ ಕರೆದರು. ದಪ್ಪಕ್ಕ ಮೈಕಿನ ಮುಂದೆ ನಿಂತು ನಾಯಕಿಯ ಮಾತು ಹೇಳಿದಳು: “ನನ್ನನ್ನು ಬಿಟ್ಟು ಹೋಗಬೇಡಿ!” ಬಂದದ್ದು ಸೈಕಲ್ ಟ್ಯೂಬಿನಿಂದ ಗಾಳಿ ಹೋದ ಸದ್ದು. ಇನ್ನೊಮ್ಮೆ ಹೇಳಿದಳು. ಇನ್ನೊಂದು ಟ್ಯೂಬು.

“ಮೇಡಂ, ಆರು ವರ್ಷದ ದನಿ ಎಲ್ಲಿ ಹೋಯ್ತು?” ಎಂದು ಧ್ವನಿ ಇಂಜಿನಿಯರು ಗಾಬರಿಯಾದ.

ದನಿ ಹೊಟ್ಟೆಯಿಂದ ಬರುತ್ತದೆ; ಹೊಟ್ಟೆ ಬೆಲ್ಟಿನೊಳಗಿತ್ತು. ದಪ್ಪಕ್ಕ ಶೌಚಾಲಯಕ್ಕೆ ಓಡಿ ಅದನ್ನು ಕಿತ್ತು ಕಸದ ಬುಟ್ಟಿಗೆ ಹಾಕಿ ಬಂದಳು. ಮತ್ತೆ ಅದೇ ಮಾತು ಹೇಳಿದಾಗ ದೀಪದವರೂ ಕೈಕೆಲಸ ಬಿಟ್ಟು ನಿಂತರು.

ಧಾರಾವಾಹಿಗೂ ಈ ಕಾರ್ಯಕ್ರಮಕ್ಕೂ ಒಬ್ಬನೇ ನಿರ್ದೇಶಕ. ಅವನು ಆ ದನಿ ಕೇಳಿ ಚಪ್ಪಾಳೆ ತಟ್ಟುತ್ತಾ ಬಂದ. ಬಂದವನು ಕಡ್ಡಿಯ ಕೈ ಕುಲುಕಿದ. “ಅದ್ಭುತ! ಆ ನೋವು, ಆ ಕೋಮಲತೆ!”

“ಸರ್, ಅದು ನಾನಲ್ಲ, ಅಕ್ಕ” ಎಂದಳು ಕಡ್ಡಿ.

ನಿರ್ದೇಶಕ ದಪ್ಪಕ್ಕನನ್ನು ನೋಡಿದ. ಪಕ್ಕದಲ್ಲಿದ್ದ ಡಬ್ಬಿಂಗ್ ಮೇಲ್ವಿಚಾರಕನನ್ನು ನೋಡಿದ. ಮತ್ತೆ ದಪ್ಪಕ್ಕನನ್ನು ನೋಡಿ, ಸಾವಿನ ಮನೆಯಲ್ಲಿ ಮಾತಾಡುವ ಹಾಗೆ ಮೆಲ್ಲಗೆ ಹೇಳಿದ: “ಮೇಡಂ, ನಂಗೆ ನಿಮ್ಮ ಬಗ್ಗೆ ತುಂಬಾ ಗೌರವ. ಆದ್ರೆ ವೀಕ್ಷಕರ ಮನಸ್ಸು ಮುರೀಬಾರ್ದು ನೋಡಿ. ಒಂದು ಸಣ್ಣ ಬದಲಾವಣೆ. ಈ ಹುಡುಗಿ ನಾಯಕಿ ದನಿಯಾಗಿ ನಿಲ್ಲಲಿ. ನೀವು ಅತ್ತೆ ದನಿಯಾಗಿ ನಿಂತ್ಕೊಳ್ಳಿ. ಎಲ್ಲರಿಗೂ ಸಮಾಧಾನ.”

ಆರು ವರ್ಷ ಅತ್ತದ್ದು ದಪ್ಪಕ್ಕ, ಅದನ್ನು ಇನ್ನೊಬ್ಬಳ ಹೆಸರಿಗೆ ಬರೆಯುತ್ತಿದ್ದಾರೆ. ಎದ್ದು ಹೋಗಿಬಿಡಬೇಕು ಅನ್ನಿಸಿತು. ಆದರೆ ಮನೆಯಲ್ಲಿ ಅಮ್ಮ ಈ ಹೊತ್ತಿಗೇ ಟಿವಿ ಹಾಕಿಕೊಂಡು ಕೂತಿರುತ್ತಾರೆ. ಅಮ್ಮನಿಗೆ ಯಾರ ದನಿಯಾದರೇನು? ಕಂಡರೆ ಸಾಕು.

“ಆಗ್ಲಿ ಸರ್” ಎಂದಳು.

ಕಡ್ಡಿ ನೆಲ ನೋಡುತ್ತಾ ನಿಂತಳು. ಅವಳಿಗೆ ಸಿಕ್ಕಿದ್ದೂ ಅವಳದಲ್ಲ.

ನಾಲ್ಕು ಗಂಟೆಗೆ ಉಡುಪಿನ ಕೋಣೆಯಿಂದ ಕೂಗಾಟ ಕೇಳಿಸಿತು. ಹೋಗಿ ನೋಡಿದರೆ, ಸೊಂಟ ಹಿಡಿಯಷ್ಟಿರುವ ಒಬ್ಬ ಹೆಂಗಸು ತೋಳು ತುಂಬ ಕೆಂಪು ದದ್ದು ತೋರಿಸುತ್ತಾ ನಿರ್ದೇಶಕನ ಮೇಲೆ ಹರಿಹಾಯುತ್ತಿದ್ದಳು. ಪಕ್ಕದಲ್ಲಿ ಗೋಡೆಯ ಮೊಳೆಗೆ ಒಂದು ಮೈ ನೇತುಹಾಕಿತ್ತು. ಕುತ್ತಿಗೆಯಿಂದ ಮಂಡಿಯವರೆಗೆ ಫೋಮಿನ ಮೈ: ಎದೆ, ತೋಳು, ಹೊಟ್ಟೆ, ಪೃಷ್ಠ, ಬೆನ್ನಿಗೆ ಜಿಪ್ಪು. ಮೇಜಿನ ಮೇಲೆ ರಬ್ಬರಿನ ಎರಡು ಕೆನ್ನೆ, ಒಂದು ಗದ್ದ.

“ಇನ್ನು ಒಂದು ದಿನಾನೂ ಇದನ್ನ ಹಾಕಲ್ಲ! ಹನ್ನೆರಡು ಕಿಲೋ! ಒಳಗೆ ಬೆಂದು ಹೋಗ್ತಿದೀನಿ!” ಎಂದು ಚೀರಿ ಆಕೆ ಚೀಲ ಎತ್ತಿಕೊಂಡು ಹೊರಟೇಹೋದಳು.

ಅತ್ತೆ! ದಪ್ಪಕ್ಕ ಕಣ್ಣುಬಾಯಿ ಬಿಟ್ಟು ನಿಂತಳು. ಆರು ವರ್ಷ ಊರೇ ನಕ್ಕದ್ದು ಈ ಮೊಳೆಗೆ ತಗುಲಿಹಾಕಿದ ದಿಂಬಿಗೆ. ಬೀದಿಯಲ್ಲಿ ಮಕ್ಕಳು ತನ್ನನ್ನು ‘ಅತ್ತೆ, ಅತ್ತೆ’ ಎಂದು ಕೂಗಿದ್ದೂ ಇದರಿಂದಲೇ.

ನಿರ್ದೇಶಕ ತಲೆ ಮೇಲೆ ಕೈ ಹೊತ್ತು ಕೂತ. ನೇರ ಪ್ರಸಾರಕ್ಕೆ ಎರಡು ಗಂಟೆ. ವೇದಿಕೆಯ ಮೇಲೆ ಅತ್ತೆ ಕುರ್ಚಿ ಮುರಿಯದಿದ್ದರೆ ಕಾರ್ಯಕ್ರಮವೇ ಇಲ್ಲ. ತಲೆ ಎತ್ತಿದಾಗ ಎದುರಿಗೆ ದಪ್ಪಕ್ಕ ಕಂಡಳು. ಅವನ ಮುಖ ಅರಳಿತು.

“ಮೇಡಂ! ನೀವೇ ಅತ್ತೆ! ಇವತ್ತಿಂದ ದಿನಾ! ಫೋಮೂ ಬೇಡ, ಏನೂ ಬೇಡ!”

ದಪ್ಪಕ್ಕನಿಗೆ ಮೈಯೆಲ್ಲ ಉರಿಯಿತು. ತನ್ನ ಮೈಯನ್ನು ತಾನೇ ಎತ್ತಿ ಕುರ್ಚಿಯ ಮೇಲೆ ಹಾಕಿ ಮುರಿದು ತೋರಿಸುವುದು, ಅದನ್ನು ನೋಡಿ ಎದುರುಮನೆಯಾಕೆ ನಗುವುದು. ಥೂ! ಆದರೆ ದಿನಾ ಎಂದನಲ್ಲ. ಅಮ್ಮ ದಿನಾ ನೋಡಬಹುದು. ಬೀಳುವ ಮಗಳಾದರೂ ಸರಿ, ಮಗಳೇ. ಅವಮಾನವನ್ನು ಗುಟುಕು ನೀರಿನಂತೆ ನುಂಗಿಕೊಂಡು, “ಒಪ್ಕೊಂಡೆ” ಎಂದಳು. ಆ ದಿನ ಅವಳ ಹೊಟ್ಟೆಗೆ ಹೋದದ್ದು ಅದೊಂದೇ.

ಅವಳನ್ನು ದೀಪದ ಕೆಳಗೆ ನಿಲ್ಲಿಸಿದರು. ನಡೆಸಿದರು. ಕೂರಿಸಿದರು. ನಿರ್ದೇಶಕ ಕ್ಯಾಮೆರಾದ ಪರದೆ ನೋಡಿದ. ಹತ್ತಿರ ಹೋಗಿ ನೋಡಿದ. ದೂರ ಬಂದು ನೋಡಿದ. ಮುಖ ಸಿಂಡರಿಸಿದ.

“ಏನಾಯ್ತು ಸರ್?”

“ದಪ್ಪ ಸಾಲದು.”

ದಪ್ಪಕ್ಕ ಕೇಳಿದ್ದನ್ನು ನಂಬಲಿಲ್ಲ. ಹುಟ್ಟಿದಾಗಿನಿಂದ ಆ ಮಾತು ಅವಳ ಕಿವಿಗೆ ಬಿದ್ದಿರಲಿಲ್ಲ.

“ನೀವು ಮನೆಮನೇಲಿ ಇರೋ ದಪ್ಪ ಮೇಡಂ” ಎಂದು ನಿರ್ದೇಶಕ ವಿವರಿಸಿದ. “ಪರದೆ ಮೇಲೆ ನೀವು ಬರೀ ಒಬ್ಬ ಹೆಂಗಸಿನ ಥರ ಕಾಣ್ತೀರಿ. ಹೆಂಗಸು ಬಿದ್ರೆ ಜನ ಅಯ್ಯೋ ಅಂತಾರೆ, ನಗಲ್ಲ. ಫೋಮು ಹಾಕ್ಲೇಬೇಕು.”

ಫೋಮು ತಂದರು. ನಾಲ್ಕು ಜನ ಸೇರಿ ತೊಡಿಸಿದರು. ತೋಳು ಹೋಗಲಿಲ್ಲ, ಜಿಪ್ಪು ಅರ್ಧಕ್ಕೇ ನಿಂತಿತು. ಅದನ್ನು ಹೊಲಿದದ್ದು ತೆಳ್ಳಗಿನವಳ ಅಳತೆಗೆ. ದಪ್ಪಗೆ ಕಾಣಿಸುವ ಉಡುಪು ದಪ್ಪಗಿರುವವಳಿಗೆ ಹಿಡಿಯಲಿಲ್ಲ. ಒಬ್ಬ ಎಳೆದ, ಇನ್ನೊಬ್ಬ ತಳ್ಳಿದ, ಭುಜದ ಹತ್ತಿರ ಪರ್ ಎಂದಿತು. ಎಲ್ಲರೂ ಕೈಚೆಲ್ಲಿ ಸುತ್ತ ನೋಡಿದರು. ಮೂಲೆಯಲ್ಲಿ ಕಡ್ಡಿ ನಿಂತಿದ್ದಳು.

ಸ್ವೆಟರು ಬಿಚ್ಚಿಸಿದರು. ಜಿಪ್ಪು ಸರ್ರನೆ ಮೇಲೆ ಹೋಯಿತು. ರಬ್ಬರಿನ ಕೆನ್ನೆ ಅಂಟಿಸಿದರು, ಗದ್ದ ಅಂಟಿಸಿದರು, ತಲೆಗೆ ಟೋಪನ್ ಕೂದಲು ಇಟ್ಟರು. ಕಡ್ಡಿ ಕಾಣೆಯಾದಳು, ಅತ್ತೆ ನಿಂತಿದ್ದಳು. ಬದುಕಿನಲ್ಲಿ ಮೊದಲ ಸಲ ಯಾರೂ ಅವಳಿಗೆ ತಿನ್ನು ಅನ್ನಲಿಲ್ಲ. ಆದರೆ ಹನ್ನೆರಡು ಕಿಲೋ ಹೊತ್ತು ಎರಡು ಹೆಜ್ಜೆ ಇಡುವಷ್ಟರಲ್ಲಿ ಅವಳಿಗೆ ಏದುಸಿರು ಬಂತು. ಬಾಯಿ ತೆರೆದರೆ ಮಾತೇ ಇಲ್ಲ.

“ದನಿ ಕೊಡೋರ ಭಾಗ ತೆಗೆದ್ಬಿಡಿ” ಎಂದ ನಿರ್ದೇಶಕ. “ಮೇಡಂ, ನೀವು ಪರದೆ ಹಿಂದೆ ಕೂತು ಅತ್ತೆಗೂ ದನಿ ಕೊಡಿ, ನಾಯಕಿಗೂ ಕೊಡಿ. ನೀವಿಲ್ದಿದ್ರೆ ನಮ್ಮ ಗತಿ ಏನಾಗ್ತಿತ್ತೋ!”

ಕೋಪದಿಂದ ದಪ್ಪಕ್ಕ ಹೊರಟುಬಿಡಲು ಎದ್ದಳು. ಆಗ ಕಡ್ಡಿ ಫೋಮಿನ ಕೈಯಿಂದ ಅವಳ ಬೆರಳು ಹಿಡಿದುಕೊಂಡಳು. “ಅಕ್ಕಾ... ಬಿಟ್ಟು... ಹೋಗ್ಬೇಡಿ.” ನಾಯಕಿಯ ಮಾತನ್ನೇ, ನಿಜವಾಗಿಯೂ ಉಸಿರುಗಟ್ಟಿ, ಹೇಳಿದಳು. ದಪ್ಪಕ್ಕ ಕೂತಳು.

ಆರರಿಂದ ಏಳರವರೆಗೆ ಕಪ್ಪು ಪರದೆಯ ಹಿಂದೆ ಒಂದು ಸ್ಟೂಲಿನ ಮೇಲೆ ಕೂತು ದಪ್ಪಕ್ಕ ನಾಯಕಿಯ ಸಣ್ಣ ದನಿಯಲ್ಲಿ ಅತ್ತಳು, ತನ್ನ ಸ್ವಂತ ದೊಡ್ಡ ದನಿಯಲ್ಲಿ ಅತ್ತೆಯಾಗಿ ಬೈದಳು. ಕುರ್ಚಿ ಮುರಿದಾಗ “ಅಯ್ಯಯ್ಯಪ್ಪಾ!” ಎಂದು ಕೂಗಿದಳು. ಜನ ಬಿದ್ದು ಬಿದ್ದು ನಕ್ಕರು. ಅವಳು ಕೂತ ಸ್ಟೂಲು ಮಾತ್ರ ಅಲುಗಲೂ ಇಲ್ಲ.

ಬಸ್ಸಿಳಿದು ಮನೆಗೆ ನಡೆಯುವಾಗ ಅಮ್ಮನಿಗೆ ಏನು ಬರೆಯುವುದೆಂದೇ ಚಿಂತೆ. ಇವತ್ತೂ ಕಾಣಲಿಲ್ಲ ಎಂದರೆ ಅಮ್ಮ ಬೈಯುವುದಿಲ್ಲ, ‘ಹೋಗ್ಲಿ ಬಿಡು’ ಎನ್ನುತ್ತಾರೆ. ಅದೇ ತಡೆಯಲಾಗದ್ದು.

ಬಾಗಿಲಲ್ಲೇ ಎದುರುಮನೆಯಾಕೆ ಇದ್ದಳು. “ಭಲೇ! ನಾನು ಕಂಡುಹಿಡಿದ್ಬಿಟ್ಟೆ! ಬಾಯಿ ತೆಗೆದ ತಕ್ಷಣ ನಿಮ್ಮ ದನಿ ಗೊತ್ತಾಯ್ತು. ನಿಮ್ಮಮ್ಮನಿಗೆ ಬೆರಳಿಟ್ಟು ತೋರಿಸಿದೆ, ಅತ್ತೆನೇ ನಿಮ್ಮ ಮಗಳು ಅಂತ. ಅಲ್ರೀ, ಮೊದಲೇ ಹೇಳಿದ್ರೆ ಬೆಲ್ಟು ಕೊಡ್ತಿರಲಿಲ್ಲವಲ್ಲ!”

ಒಳಗೆ ಅಮ್ಮ ಎದ್ದು ನಿಂತಿದ್ದರು. ಅವರ ಮುಖದಲ್ಲಿ ಅಂಥ ಬೆಳಕನ್ನು ದಪ್ಪಕ್ಕ ಎಷ್ಟೋ ವರ್ಷದಿಂದ ಕಂಡಿರಲಿಲ್ಲ.

“ಕಂಡೆ ಕಣೇ! ಆರು ವರ್ಷದಿಂದ ದಿನಾ ನಿನ್ನನ್ನೇ ನೋಡ್ತಾ ಇದ್ದೆ, ಗೊತ್ತೇ ಆಗ್ಲಿಲ್ಲ! ಮುಖಕ್ಕೆ ಅದೇನೇನೋ ಮೆತ್ತಿದಾರೆ, ಆದ್ರೆ ಆ ಮೈ? ಹೆತ್ತವಳಿಗೆ ಗೊತ್ತಾಗಲ್ವಾ?” ಎಂದು ಮಗಳನ್ನು ಕೂರಿಸಿ, ಬಿಸಿನೀರಿನ ಚೀಲ ತಂದು ಸೊಂಟಕ್ಕೆ ಒತ್ತಿದರು. “ದಿನಾ ಹಾಗೆ ಬೀಳ್ತೀಯಲ್ಲ, ನೋಯಲ್ವೇನೇ? ನಾನು ಪಾಪಿ, ಕೂತು ನಗ್ತಿದ್ದೆ.”

ದಪ್ಪಕ್ಕ ಸ್ಲೇಟು ಎತ್ತಿಕೊಂಡಳು. ‘ಅದು ನಾನಲ್ಲ’ ಎಂದು ಬರೆಯಲು ಎರಡೇ ಪದ ಸಾಕಿತ್ತು. ‘ಅದು’ ಎಂದು ಬರೆದೂ ಆಯಿತು. ಅಷ್ಟರಲ್ಲಿ ಅಮ್ಮ ಅವಳ ಗಲ್ಲ ಹಿಡಿದು ಕೇಳಿದರು:

“ನಾಳೆ ಎಷ್ಟು ಹೊತ್ತಿಗೆ ಬೀಳ್ತೀಯ? ನಗದೆ ನೋಡ್ತೀನಿ.”

ದಪ್ಪಕ್ಕ ಬರೆದದ್ದನ್ನು ಅಂಗೈಯಲ್ಲಿ ಒರೆಸಿ, ‘ಏಳೂವರೆಗೆ’ ಎಂದು ಬರೆದಳು.